ತಡವಾದದ್ದು ನೀಲವ್ವನ ಕೈಯಲ್ಲ

ಜನ ನನ್ನನ್ನು ರೂಟರ್ ಎನ್ನುತ್ತಾರೆ. ನೆಟ್ಟಿನ ಡಬ್ಬಿ ಎಂದು ಕರೆಯುವವರೂ ಇದ್ದಾರೆ. ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಕಣ್ಣು ಬಿಡುವ ಮೊದಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ನನಗೆ ಎರಡು ಕೊಂಬು ಸಿಕ್ಕಿಸಿ, ಹೊಟ್ಟೆಯಲ್ಲಿ ಹಸಿರು ದೀಪ ಹೊತ್ತಿಸಿ ನೋಡಿ, ಥರ್ಮೋಕೋಲಿನಲ್ಲಿ ಹುಗಿದು ಕಳಿಸಿದರು. ಲೋಕದ ಬಗ್ಗೆ ನನಗೆ ಆಗಲೇ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

ಮೊದಲು ಸಿಕ್ಕ ಮನೆ ಗದಗಿನ ಒಂದು ಝೆರಾಕ್ಸ್ ಅಂಗಡಿ. ಅದರ ಮಾಲೀಕ ದಿನವಿಡೀ ಗುಟ್ಕಾ ಜಗಿಯುತ್ತಿದ್ದ. ಉಗುಳಲು ಹೊರಗೆ ಹೋಗಲಾರದ ಸೋಮಾರಿತನಕ್ಕೆ ನಾನಿದ್ದ ಮೂಲೆಯನ್ನೇ ಆರಿಸಿಕೊಂಡಿದ್ದ. ಅಂಗಡಿ ಮುಚ್ಚಿದಾಗ ಶಿವಯೋಗಿ ಎಂಬ ಕಾಲೇಜು ಮೇಷ್ಟ್ರು ನನ್ನನ್ನು ಕೊಂಡು, ಸ್ಪಿರಿಟ್ ಹಾಕಿ ಒರೆಸಿ, ತನ್ನ ಸೋದರತ್ತೆ ಕಮಲಾಕ್ಷಿಯವರ ಮನೆಗೆ ತಂದ. ಬದುಕಿದೆ ಅಂದುಕೊಂಡೆ.

ಕಮಲಾಕ್ಷಿ ನಿವೃತ್ತ ಶಾಲಾ ಮುಖ್ಯಾಧ್ಯಾಪಕಿ. ಎಲ್ಲರಿಗೂ ಅವರು ಅಕ್ಕೋರು. ಅವರದೊಂದು ಹೆಂಗಸರ ಹಾಡಿನ ಬಳಗ. ಒಬ್ಬರು ಸೊಲ್ಲಾಪುರಕ್ಕೆ, ಒಬ್ಬರು ರಾಯಚೂರಿಗೆ ಹೀಗೆ ಚದುರಿ ಹೋದ ಮೇಲೂ ಹಾಡು ನಿಲ್ಲಬಾರದೆಂದು ಶಿವಯೋಗಿ ಒಂದು ಉಪಾಯ ಮಾಡಿದ್ದ. ಅತ್ತೆಯ ಮನೆಯಲ್ಲಿ ಸಣ್ಣ ಕಂಪ್ಯೂಟರೊಂದನ್ನು ಸರ್ವರ್ ಮಾಡಿ ಇಟ್ಟ. ಗುರುವಾರ ಸಂಜೆ ಎಲ್ಲರ ದನಿಯೂ ನನ್ನ ಮೂಲಕ ಆ ಸರ್ವರಿಗೆ ಬಂದು, ಕೂಡಿ, ಮತ್ತೆ ನನ್ನ ಮೂಲಕವೇ ಎಲ್ಲರ ಕಿವಿಗೂ ಹೋಗುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬರಬೇಕು. ಸ್ವಲ್ಪ ತಡವಾದರೂ ತಾಳ ಕೆಡುತ್ತಿತ್ತು.

ತಾಳ ಹಿಡಿಯುವವಳು ನೀಲವ್ವ. ಹಿತ್ತಿಲಿನಾಚೆ ಅಕ್ಕೋರದೇ ಒಂದು ಖೋಲಿಯಲ್ಲಿ ಬಾಡಿಗೆಗಿದ್ದವಳು. ನಾಟಕ ಕಂಪನಿಯಲ್ಲಿ ತಬಲಾ ಬಾರಿಸುತ್ತಿದ್ದ ಅಪ್ಪನಿಂದ ಕಲಿತವಳು. ಗಂಡ ಇಲ್ಲ, ಮಕ್ಕಳಿಲ್ಲ, ತಬಲಾ ಇತ್ತು. ಒಂದೇ ಕೋಣೆಯಲ್ಲಿ ಎರಡು ಮೈಕ್ ಇಟ್ಟರೆ ದನಿಗಳು ಕಚ್ಚಾಡಿ ಕಿರುಚುತ್ತವೆಂದು ಅವಳು ತನ್ನ ಖೋಲಿಯಲ್ಲೇ ಕೂತು ಬಾರಿಸುತ್ತಿದ್ದಳು. ಉಳಿದವರಿಗೆ ಅವರವರ ಊರಿನ ತಂತಿ, ಅಕ್ಕೋರಿಗೆ ನನ್ನಿಂದ ನೇರ ತಂತಿ. ನೀಲವ್ವನಿಗೆ ಮಾತ್ರ ಗಾಳಿಯಲ್ಲಿ ನಾನು ಕಳಿಸಿದ್ದೇ ಗತಿ. ಆಗ ನಾನು ಹಿತ್ತಿಲ ಕಿಟಕಿಯ ಮೇಲಿದ್ದೆ. ಅವಳ ಒಂದು ಪೆಟ್ಟೂ ನನ್ನ ಕೈ ತಪ್ಪಿ ಬಿದ್ದದ್ದಿಲ್ಲ.

ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದರು. ಅಕ್ಕೋರಿಗೆ ನನ್ನ ತಂತಿಗಳು ಅಸಹ್ಯವಾಗಿ ಕಂಡವು. "ಛೀ, ಜೋತು ಬಿದ್ದ ಕರುಳು ಕಂಡಂಗ ಕಾಣತೈತಿ" ಎಂದರು. ಬಟ್ಟೆಯಿಡುವ ಸ್ಟೀಲಿನ ತಿಜೋರಿಯ ಬೆನ್ನಿಗೆ ತೂತು ಕೊರೆಸಿ, ನನ್ನನ್ನೂ ಸರ್ವರನ್ನೂ ರೇಷ್ಮೆ ಸೀರೆಗಳ ನಡುವೆ ತುರುಕಿ ಬಾಗಿಲು ಹಾಕಿದರು. ಕತ್ತಲೆ, ಸೆಕೆ, ಡಾಂಬರುಗುಳಿಗೆಯ ಘಾಟು. ನನ್ನ ಮೈ ಬೆಚ್ಚಗಿದೆ ಎಂದು ಒಂದು ಹಲ್ಲಿ ಬೆನ್ನ ಮೇಲೇ ಸಂಸಾರ ಹೂಡಿತು. ಅದು ಮಾಡಿದ ಹೊಲಸನ್ನು ನಾನು ಬಾಯಿಬಿಟ್ಟು ಹೇಳಲಾರೆ.

ತಂತಿಯಲ್ಲಿ ಬರುವವರಿಗೆ ಏನೂ ಆಗಲಿಲ್ಲ. ಗಾಳಿಯಲ್ಲಿ ಬರುವ ನೀಲವ್ವನ ದನಿಗೆ ಉಕ್ಕಿನ ಗೋಡೆ ಅಡ್ಡ ಬಂತು. ಅವಳು ಕಳಿಸಿದ್ದು ಅರ್ಧ ದಾರಿಯಲ್ಲೇ ಬಿದ್ದುಹೋಗಿ, ಮತ್ತೆ ಕೇಳಿ, ಮತ್ತೆ ತರಿಸಿಕೊಳ್ಳಬೇಕಾಯಿತು. ಒಂದೇ ಮಾತನ್ನು ಮೂರು ಸಲ ಹೇಳಿಸಿಕೊಂಡರೆ ತಡವಾಗದೆ ಏನು? ಹಾಡು ಮುಂದೆ ಹೋಗುತ್ತಿತ್ತು, ತಬಲಾ ಹಿಂದಿನಿಂದ ಓಡಿ ಬರುತ್ತಿತ್ತು.

"ಯಾಕ ನೀಲವ್ವ, ತಾಳ ಹಿಂದ ಬೀಳಾಕತ್ತೈತಿ" ಎಂದರು ಅಕ್ಕೋರು ಮೊದಲ ವಾರ. ಆಮೇಲೊಂದು ಗುರುವಾರ ಎಲ್ಲರೂ ಕೇಳುವಂತೆ ಹೇಳಿಯೇ ಬಿಟ್ಟರು: "ನಿನ್ನ ಕೈ ಮುಪ್ಪಾಗ್ಯಾವು. ಇನ್ನ ಸಾಕ ಮಾಡು."

ಆ ಕಡೆಯಿಂದ ತಡವಾಗಿ, ಮುರಿದು ಮುರಿದು, "ಆತ್ರಿ ಅಕ್ಕೋರ" ಎಂಬ ಮಾತು ಬಂತು. ಅದನ್ನೂ ನಾನೇ ಮುಟ್ಟಿಸಬೇಕಾಯಿತು.

ಅವಳ ಜಾಗಕ್ಕೆ ತಾಳದ ಮಶೀನು ಬಂತು. ನೀಲವ್ವ ಮೊಸರಿಗೆಂದು ಮನೆಯೊಳಗೆ ಬಂದಾಗ ಅವಳ ಮಾತು ತಿಜೋರಿಯ ಬಾಗಿಲ ಸಂದಿನಿಂದ ಕೇಳುತ್ತಿತ್ತು. "ರೊಟ್ಟಿ ಬಡಿಯಾಕ ಕುಂತರೂ ಕೈ ನೋಡ್ಕೋಂತ ಕುಂದರ್ತೀನ್ರಿ. ಇವು ನನ್ನ ಕೈ ಹೌದೋ ಅಲ್ಲೋ ಅನ್ನಸತೈತಿ." ತಬಲಾವನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದಳಂತೆ. ಅಕ್ಕೋರು ಲೊಚಗುಟ್ಟಿ ಮೊಸರು ಹಾಕಿದರು.

ಒಂದು ದಿನ ಶಿವಯೋಗಿ ಊಟಕ್ಕೆ ಬಂದವನು ತಿಜೋರಿ ತೆರೆದಿದ್ದಾಗ ನನ್ನನ್ನು ಕಂಡ. ಹಣೆ ಚಚ್ಚಿಕೊಂಡ. "ಅತ್ತಿ, ಉಕ್ಕಿನ ಡಬ್ಬಿಯೊಳಗ ಇಟ್ಟೀರಲ್ಲ! ನೀಲವ್ವನ ತಬಲಾ ತಡಾ ಆಗಿದ್ದು ಇದರಿಂದನ. ಅಕಿ ಕೈ ಏನೂ ಆಗಿಲ್ಲ. ಕಿಟಕ್ಯಾಗ ಇಟ್ಟಬಿಡ್ರಿ, ಎಲ್ಲಾ ಸರಿ ಆಗತೈತಿ."

ನನ್ನ ದೀಪಗಳೆಲ್ಲ ಒಮ್ಮೆಲೇ ಮಿನುಗಿದವು. ಅಕ್ಕೋರ ಮುಖ ಮಾತ್ರ ಬಿಳಿಚಿತು. ತಂತಿ ಎಳೆಯಲು ಕೈ ಚಾಚಿದ ಸೋದರಳಿಯನನ್ನು ತಡೆದರು.

"ಈಗ ಬ್ಯಾಡ. ಇಟ್ಟ ಮ್ಯಾಲೆ ತಾಳ ಸರಿ ಆದ್ರ ಎಲ್ಲಾರೂ ಏನ ಅಂತಾರ? ಅಷ್ಟ ಮಂದಿ ಮುಂದ ಕೈ ಮುಪ್ಪಾಗ್ಯಾವು ಅಂದೀನಿ. ಬಾಡಿಗಿ ಇರೂ ಅಕಿ ಮುಂದ ಹೋಗಿ ನಾ ತಪ್ಪಾತು ಅನ್ಲೇನು? ನೀ ಹೋಳಿಗಿ ತಿನ್ನು."

ಅವನು ತಿಂದ. ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು, ಬೆರಳು ನೆಕ್ಕಿ, ತುಟಿ ಪಿಟಕ್ಕೆನ್ನದೆ ಎದ್ದು ಹೋದ. ಅಕ್ಕೋರು ತಿಜೋರಿಯ ಬಾಗಿಲು ಹಾಕಿ ಚಿಲಕ ಎಳೆದರು. ಅಲ್ಲಿಯವರೆಗೆ ನನಗೆ ಹಲ್ಲಿಯೇ ಹೇಸಿಗೆ ಎನಿಸಿತ್ತು. ಆಮೇಲೆ ಹಲ್ಲಿಯ ಮೇಲೆ ಮನಸ್ಸು ಎಷ್ಟೋ ಮೆತ್ತಗಾಯಿತು.

ಬೇಸಿಗೆಯಲ್ಲಿ ಬಳಗದವರೆಲ್ಲ ಅಕ್ಕೋರ ಮನೆಯಲ್ಲಿ ಮುಖತಃ ಕೂಡಿದರು. ತಿಜೋರಿಯ ಬಾಗಿಲ ಸಂದಿನಿಂದ ನನಗೂ ಎಲ್ಲ ಕಾಣುತ್ತಿತ್ತು. ಅಕ್ಕೋರು ತಾಳದ ಮಶೀನು ಹಚ್ಚಲು ಹೋದಾಗ ಸೊಲ್ಲಾಪುರದ ಗೌರಾಬಾಯಿ ಅದನ್ನು ಕಿತ್ತು ಬದಿಗಿಟ್ಟರು. "ಈ ಡಬ್ಬಿ ಮುಂದ ಹಾಡಾಕ ನಾ ಅಷ್ಟ ದೂರದಿಂದ ಬಂದಿಲ್ಲ. ನೀಲವ್ವನ್ನ ಕರೀರಿ."

ನೀಲವ್ವ ಬಂದಳು, ಬಾಗಿಲಲ್ಲೇ ನಿಂತಳು. "ನನ್ನ ಕೈ ಹಿಂದ ಬೀಳ್ತಾವ್ರಿ, ನಿಮ್ಮ ಹಾಡ ಕೆಡತೈತಿ" ಎಂದಳು. ಗೌರಾಬಾಯಿ ಬಿಡಲಿಲ್ಲ. ತಬಲಾ ತರಿಸಿ, ಅವಳನ್ನು ಕೂರಿಸಿಯೇ ಬಿಟ್ಟರು. ಅವಳು ಕಣ್ಣು ಮುಚ್ಚಿ ಮೊದಲ ಪೆಟ್ಟು ಹಾಕಿದಳು. ನಡುವೆ ನಾನಿರಲಿಲ್ಲ, ಉಕ್ಕೂ ಇರಲಿಲ್ಲ. ಹಾಡು ಎಲ್ಲಿತ್ತೋ ತಬಲಾ ಅಲ್ಲಿಯೇ ಇತ್ತು, ಕೂದಲೆಳೆಯಷ್ಟೂ ಹಿಂದೆ ಬೀಳಲಿಲ್ಲ. ನಡು ಹಾಡಿನಲ್ಲಿ ನೀಲವ್ವನಿಗೆ ಅಳು ಬಂತು. ಅಳುತ್ತಲೇ ಬಾರಿಸಿದಳು, ಆಗಲೂ ತಪ್ಪಲಿಲ್ಲ.

"ಮತ್ತ ಇಷ್ಟ ದಿನಾ ಏನಾಗಿತ್ತು?" ಎಂದರು ಗೌರಾಬಾಯಿ. ಎಲ್ಲರೂ ಅಕ್ಕೋರ ಕಡೆ ನೋಡಿದರು.

ಈಗಲಾದರೂ ಹೇಳುತ್ತಾರೆ ಎಂದು ನಾನು ಕಾದೆ. ಅವರು ಎದ್ದು ಬಂದು ತಿಜೋರಿ ತೆರೆದರು, ನನ್ನನ್ನು ತಂತಿ ಹಿಡಿದು ಸತ್ತ ಇಲಿಯಂತೆ ಎತ್ತಿಕೊಂಡು ಹೋಗಿ ಎಲ್ಲರಿಗೂ ತೋರಿಸಿದರು. "ಈ ಹಾಳಾದ್ದು ಕೆಟ್ಟಿತ್ತ ನೋಡ್ರಿ. ನನಗರ ಏನ ಗೊತ್ತು?"

ಎಲ್ಲರೂ ನಕ್ಕರು. ನೀಲವ್ವ ಕಣ್ಣೊರೆಸಿಕೊಂಡು ಅಕ್ಕೋರ ಕೈ ಹಿಡಿದಳು. "ಅಕ್ಕೋರ, ನಾ ನಿಮ್ಮನ್ನ ಮನಸಿನ್ಯಾಗ ಭಾಳ ಬೈಕೊಂಡಿದ್ನಿ. ನಂದು ತಪ್ಪಾತ್ರಿ, ಹೊಟ್ಯಾಗ ಹಾಕ್ಕೊಳ್ರಿ."

"ಇರ್ಲಿ ಬಿಡವಾ" ಎಂದರು ಅಕ್ಕೋರು, ಅವಳ ಬೆನ್ನು ಸವರುತ್ತ.

ಮರುದಿನವೇ ಹೊಸ ರೂಟರ್ ಬಂದು ಕಿಟಕಿಯ ಮೇಲೆ ಕೂತಿತು. ನಾನು ಗುಜರಿಗೆ ಬಂದೆ. ಇಲ್ಲಿ ತುಕ್ಕು ಡಬ್ಬಿ, ಎಣ್ಣೆ ಜಿಡ್ಡು, ಸೊಳ್ಳೆಯ ನೀರು ಎಲ್ಲ ಇದೆ. ಮೊನ್ನೆ ಗುಜರಿಯ ಖಾಜಾಸಾಬರು ಸುಮ್ಮನೆ ನೋಡೋಣವೆಂದು ನನಗೆ ಕರೆಂಟು ಕೊಟ್ಟರು. ಹಸಿರು ದೀಪ ಹತ್ತಿತು. ಒರೆಸಿ, ತಮ್ಮ ನೆಟ್ಟಿನ ತಂತಿ ಸಿಕ್ಕಿಸಿ, ಗೋಡೆಯ ಮೇಲೆ ಎತ್ತರದಲ್ಲಿಟ್ಟು ಫೋನು ನೋಡಿದರು.

"ಇಷ್ಟ ಛಲೋ ಐತಿ, ಯಾವ ಹುಚ್ಚ ಒಗದಾನೋ ಇದನ್ನ!" ಎಂದರು.

ಹುಚ್ಚರಲ್ಲ ಸಾಬರೇ, ಬಹಳ ಜಾಣರು. ಇಂದು ಗುರುವಾರ. ಆ ಮನೆಯಲ್ಲಿ ಹಾಡು ನಡೆದಿರಬೇಕು. ನೀಲವ್ವ ತಬಲಾ ಬಾರಿಸುತ್ತಿರಬೇಕು, ಅಷ್ಟು ಒಳ್ಳೆಯವರನ್ನು ಬೈದುಕೊಂಡೆನಲ್ಲ ಎಂದು ಮನಸ್ಸಿನಲ್ಲೇ ನಾಚುತ್ತ. ನೆನೆದರೆ ಥೂ ಎಂದು ಉಗುಳಬೇಕೆನಿಸುತ್ತದೆ. ನನಗೆ ಬಾಯಿಲ್ಲ.