ಒಂದನೇ ನಂಬರಿನ ಹಿಂದೆ

ಹಾಲಿನ ವ್ಯಾನಿನವನಿಗೆ ಕೋಪ ಬರುವುದು ನಿಧಾನ, ಬಂದರೆ ಇಳಿಯುವುದು ಇನ್ನೂ ನಿಧಾನ ಎಂದು ಅವನ ಅಕ್ಕ ಹೇಳುತ್ತಿದ್ದಳು. ಅವಳ ಕೋಪವೋ, ಮೂಗಿನ ತುದಿಯಲ್ಲೇ ಕೂತಿರುವಂಥದು. ಆದರೆ ಹೋದ ವರ್ಷ ಬೆಟ್ಟದ ರಸ್ತೆಯಲ್ಲಿ ಸೈಕಲ್ ಸ್ಪರ್ಧೆ ನಡೆದ ದಿನ ಅವಳು ಒಂದು ಮಾತೂ ಆಡಿರಲಿಲ್ಲ. ಅಂದು ಬೆಳಗಿನಿಂದ ಸಂಜೆಯವರೆಗೆ ರಸ್ತೆ ಮುಚ್ಚಿ, ಕೇರಿ ಕೇರಿಯ ಹಾಲು ರಸ್ತೆ ಬದಿಯ ಕಟ್ಟೆಗಳ ಮೇಲೆ ಬಿಸಿಲು ಕಾಯುತ್ತ ಒಡೆದುಹೋಗಿತ್ತು. ಅಕ್ಕ ತನ್ನ ಎರಡು ಕ್ಯಾನು ಹಾಲನ್ನು ಚರಂಡಿಗೆ ಸುರಿದು, ಖಾಲಿ ಕ್ಯಾನುಗಳನ್ನು ತಂದು ತಮ್ಮನ ಕಾಲ ಬುಡದಲ್ಲಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಬಯ್ದಿದ್ದರೆ ಅವನು ಮರೆತುಬಿಡುತ್ತಿದ್ದ.

ಆದ್ದರಿಂದ ಈ ಸಲ ಉಪಾಯವನ್ನು ಅವನೇ ಹೂಡಿದ. ಸ್ಪರ್ಧೆಯ ಬಾಲಕ್ಕೆ ಒಂದು ವ್ಯಾನು ಹೋಗುತ್ತದೆ. ತುಳಿಯಲಾರದೆ ರಸ್ತೆ ಬದಿ ಕೂತವರನ್ನು ಹತ್ತಿಸಿಕೊಳ್ಳುವುದು ಅದರ ಕೆಲಸ. ಆ ವ್ಯಾನು ದಾಟಿದ ಮೇಲೆಯೇ ರಸ್ತೆ ತೆರೆಯುವುದು. ಹಾಗಿದ್ದರೆ ಆ ಬಾಲದ ವ್ಯಾನು ನನ್ನದೇ ಆಗಲಿ, ಸೋತವರನ್ನೂ ಹತ್ತಿಸಿಕೊಳ್ಳುತ್ತೇನೆ, ಹಾಲನ್ನೂ ತುಂಬಿಕೊಳ್ಳುತ್ತೇನೆ ಎಂದು ಸಮಿತಿಯವರ ಮುಂದೆ ಹೋಗಿ ನಿಂತ. ಅವರಿಗೂ ಬಿಟ್ಟಿ ಸಿಕ್ಕ ಹಾಗಾಯಿತು, ಒಪ್ಪಿದರು. ಬೆಟ್ಟ ಹತ್ತಿ ಆಚೆ ಬದಿ ಇಳಿದರೆ ಪೇಟೆ, ಪೇಟೆಯ ತುದಿಯಲ್ಲಿ ಡೈರಿ. ಹನ್ನೆರಡಕ್ಕೆ ದೊಡ್ಡ ಟ್ಯಾಂಕರು ಹೊರಟುಬಿಡುತ್ತದೆ, ಆಮೇಲೆ ಅಲ್ಲಿ ಹಾಲು ಇಳಿಸಿಕೊಳ್ಳುವವರಿಲ್ಲ. ಸ್ಪರ್ಧೆಯ ನಿಯಮ ಅವನಿಗೆ ಧೈರ್ಯ ಕೊಟ್ಟಿತ್ತು. ಏರಿನ ಅರ್ಧದಲ್ಲಿರುವ ನೀರಿನ ತೊಟ್ಟಿಯನ್ನು ಒಂಬತ್ತಕ್ಕೆ ಮುಟ್ಟದವರು ಎಷ್ಟೇ ದೊಡ್ಡವರಾಗಲಿ, ವ್ಯಾನು ಹತ್ತಲೇಬೇಕು ಎಂದಿತ್ತು. ತೊಟ್ಟಿಯಿಂದ ಆಚೆಗೆ ಗಟ್ಟಿಗರೇ ಉಳಿಯುತ್ತಾರೆ, ಹನ್ನೊಂದರ ಒಳಗೆ ಡೈರಿ ಮುಟ್ಟುತ್ತೇನೆ ಎಂದು ಅವನು ಮನೆ ಮನೆಗೆ ಹೋಗಿ ಮಾತು ಕೊಟ್ಟ. ಅಕ್ಕನ ಮನೆಗೆ ಕೊನೆಯಲ್ಲಿ ಹೋದ. ಅವಳು ಎಮ್ಮೆಯ ಕೆಚ್ಚಲಿನಿಂದ ಕೈ ತೆಗೆಯದೆ, "ನೋಡೋಣ" ಎಂದಳು.

ಆ ದಿನ ವ್ಯಾನಿನ ಪಕ್ಕಕ್ಕೆ ಸಮಿತಿಯ ಬಣ್ಣದ ಬ್ಯಾನರು ಕಟ್ಟಿದ್ದರು. ಒಳಗೆ ಒಂದು ಬದಿಗೆ ಬೆಂಚು ಹಾಕಿದ್ದರು. ಮುಂದಿನ ಸೀಟಿನಲ್ಲಿ ಕುತ್ತಿಗೆಗೆ ಸೀಟಿ, ಕೈಯಲ್ಲಿ ವಾಕಿಟಾಕಿ ಹಿಡಿದ ಒಬ್ಬ ಕೂತಿದ್ದ. ಅವನ ಹೆಸರು ಯಾರೂ ಕೇಳಲಿಲ್ಲ, ಎಲ್ಲರಿಗೂ ಅವನು ಸೀಟಿಯಣ್ಣನಾದ. ಡ್ಯಾಶ್‌ಬೋರ್ಡಿಗೆ ದಾರ ಕಟ್ಟಿ ಒಂದು ಕತ್ತರಿ ನೇತು ಹಾಕಿದ್ದರು. ಬಾಲದ ವ್ಯಾನಿನ ಪದ್ಧತಿಯೇ ಅದು. ಸೋತವರ ಬೆನ್ನಿಗೆ ಕಟ್ಟಿದ ನಂಬರನ್ನು ವ್ಯಾನಿನವನು ಕತ್ತರಿಸಿ ತೆಗೆಯಬೇಕು. ನಂಬರು ಹೋದವರು ಸ್ಪರ್ಧೆಯವರಲ್ಲ, ದಾರಿಹೋಕರು. ಅವರಿಗಾಗಿ ರಸ್ತೆ ಕಾಯುವುದಿಲ್ಲ.

ಮೊದಲ ಏರಿನಲ್ಲೇ ಒಬ್ಬರು ಸಿಕ್ಕರು. ಪೇಟೆಯ ಹಲ್ಲಿನ ಡಾಕ್ಟರು, ದಪ್ಪನೆಯ ಹೆಂಗಸು, ಮೀನಖಂಡ ಹಿಡಿದುಕೊಂಡು ಮೈಲಿಗಲ್ಲಿನ ಮೇಲೆ ಕೂತಿದ್ದರು. ವ್ಯಾನಿನವನು ಕತ್ತರಿ ಹಿಡಿದು ಸಂಕೋಚದಿಂದ ಹಿಂದೆ ನಿಂತ. "ಕತ್ತರಿಸಪ್ಪ, ನಾನು ದಿನಾ ಜನರ ಹಲ್ಲು ಕೀಳ್ತೀನಿ, ನೀನು ನಂಬರು ಕೀಳೋಕೆ ಹೆದರ್ತೀಯಲ್ಲ" ಎಂದು ಆಕೆಯೇ ನಕ್ಕರು. ಬೆಂಚಿನ ಮೇಲೆ ಕೂತು ಕಾಲು ಚಾಚಿಕೊಂಡರು. ಅಕ್ಕನ ಕೇರಿಯ ಕಟ್ಟೆ ಬಂದಾಗ ಅವಳ ಎರಡು ಕ್ಯಾನುಗಳು ಡಾಕ್ಟರ ಕಾಲ ಹತ್ತಿರ ಏರಿದವು. ಅಕ್ಕ ಕ್ಯಾನಿನ ಮುಚ್ಚಳವನ್ನು ಒಮ್ಮೆ ಅದುಮಿ ನೋಡಿದಳು.

ಬೇರೆ ಸವಾರರೆಲ್ಲ ಎಂದೋ ಮುಂದೆ ಹೋಗಿದ್ದರು, ವ್ಯಾನಿನ ಎದುರು ಉಳಿದದ್ದು ಒಬ್ಬರೇ. ಬೆನ್ನಿನ ಮೇಲೆ ದೊಡ್ಡದಾಗಿ ಒಂದು ಎಂಬ ನಂಬರು. ಸಮಿತಿಯ ಅಧ್ಯಕ್ಷರು. ಹಾಲಿನ ಸಂಘಕ್ಕೂ ಅವರೇ ಅಧ್ಯಕ್ಷರು, ವರ್ಷಕ್ಕೊಮ್ಮೆ ವ್ಯಾನಿನ ಗುತ್ತಿಗೆಗೆ ರುಜು ಹಾಕುವವರೂ ಅವರೇ. ಅರವತ್ತು ದಾಟಿದ ಮೇಲೆ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಮಂಡಿಗೆ ಆಪರೇಷನ್ನು ಆಗಿತ್ತು. ಚಳಿಗಾಲವೆಲ್ಲ ಮನೆಯ ಹಿಂದೆ ಅಭ್ಯಾಸ ಮಾಡಿದ್ದಾರೆ ಎಂದು ಜನ ಹೇಳುತ್ತಿದ್ದರು, ಅದು ಸುಳ್ಳಲ್ಲ. ಆದರೆ ಏರು ಕಂಡ ಕೂಡಲೇ ಅವರು ಇಳಿದು ಸೈಕಲ್ ತಳ್ಳುತ್ತಿದ್ದರು, ಸಮತಟ್ಟು ಬಂದರೆ ಹತ್ತುತ್ತಿದ್ದರು, ನಾಲ್ಕು ತುಳಿದು ಮತ್ತೆ ಇಳಿಯುತ್ತಿದ್ದರು.

ವ್ಯಾನು ಮೊದಲ ಗೇರಿನಲ್ಲಿ ತೆವಳಿತು. ಕ್ಲಚ್ಚು ಸುಟ್ಟ ವಾಸನೆ ಬಂತು. ಎರಡನೇ ಕೇರಿಯಲ್ಲಿ ಕ್ಯಾನುಗಳನ್ನು ಏರಿಸಿ, ಬೇಕೆಂದೇ ನಿಧಾನವಾಗಿ ಒಂದಕ್ಕೊಂದು ತಾಗದಂತೆ ಚಿಂದಿ ಸಿಕ್ಕಿಸಿ, ನೀರು ಕುಡಿದು ಹೊರಟರೂ ಅಧ್ಯಕ್ಷರು ಮುಂದಿನ ತಿರುವನ್ನು ಮುಟ್ಟಿರಲಿಲ್ಲ. ಮದುವೆಯ ಮೆರವಣಿಗೆಯೂ ಇದಕ್ಕಿಂತ ಬೇಗ ಹೋಗುತ್ತದೆ ಎಂದು ಕಟ್ಟೆಯ ಹೆಂಗಸರು ನಕ್ಕರು. ನಗು ಮುಗಿದ ಮೇಲೆ ಅವರು ಬಿಸಿಲನ್ನು ನೋಡಿದರು, ಆಮೇಲೆ ಅವನನ್ನು.

ನೀರಿನ ತೊಟ್ಟಿಯ ಹತ್ತಿರ ಬಂದಾಗ ಒಂಬತ್ತು ಎಂದೋ ಹೊಡೆದಾಗಿತ್ತು. ತೊಟ್ಟಿಗೆ ಒರಗಿಸಿದ ಹಲಗೆಯ ಮೇಲೆ ನಿಯಮವನ್ನು ಅಧ್ಯಕ್ಷರ ಹೆಸರಿನಲ್ಲೇ ಬರೆದಿತ್ತು. ಅಧ್ಯಕ್ಷರು ಅದರ ಪಕ್ಕದಲ್ಲೇ ನಿಂತು ತಲೆಗೆ ನೀರು ಸುರಿದುಕೊಂಡರು, ಬಾಟಲಿ ತುಂಬಿಸಿಕೊಂಡರು, ಹಲಗೆಯ ಕಡೆ ನೋಡದೆ ಸೈಕಲ್ ತಳ್ಳಿದರು. ವ್ಯಾನಿನವನ ಕೈ ಕತ್ತರಿಗೆ ಹೋಯಿತು. ಸೀಟಿಯಣ್ಣ ಅದನ್ನು ಕಂಡು ವಾಕಿಟಾಕಿಯಲ್ಲಿ ಮೇಲಿನವರನ್ನು ಕೇಳಿದ. ಅಲ್ಲಿಂದ ಬಂದ ಉತ್ತರ ಗರಗರ ಎಂದರೂ ಸ್ಪಷ್ಟವಾಗಿತ್ತು: ಅವರನ್ನು ಬಿಟ್ಟುಬಿಡಿ, ಎಷ್ಟು ಹೊತ್ತಾದರೂ ಹಿಂದೆಯೇ ಬನ್ನಿ.

"ನಿಯಮ?" ಎಂದ ವ್ಯಾನಿನವನು.

"ನಿಯಮ ಸವಾರರಿಗೆ" ಎಂದ ಸೀಟಿಯಣ್ಣ. ತಾನು ಹೇಳಿದ್ದು ತನಗೇ ಕೇಳಿಸಿ, ಕಿಟಕಿಯ ಕಡೆ ಮುಖ ತಿರುಗಿಸಿದ.

ವ್ಯಾನಿನವನು ಕತ್ತರಿ ಬಿಟ್ಟ. ಗುತ್ತಿಗೆಯ ನೆನಪಾಯಿತು, ಮಕ್ಕಳ ನೆನಪಾಯಿತು, ವ್ಯಾನಿನ ಸವೆದ ಟಯರುಗಳ ನೆನಪೂ ಆಯಿತು. ಮನುಷ್ಯನಿಗೆ ಹೆದರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ, ತಾವಾಗಿಯೇ ಸಾಲಾಗಿ ಬಂದು ನಿಲ್ಲುತ್ತವೆ. ಮೂರನೇ ಕೇರಿ, ನಾಲ್ಕನೇ ಕೇರಿ. ಪ್ರತಿ ಕಟ್ಟೆಯಲ್ಲೂ ಕ್ಯಾನುಗಳು ಏರಿದವು, ಪ್ರತಿ ಕಟ್ಟೆಯಲ್ಲೂ ಯಾರಾದರೊಬ್ಬರು "ಹೊತ್ತಿಗೆ ಸರಿಯಾಗಿ ಹೋಗುತ್ತಲ್ಲ?" ಎಂದು ಕೇಳಿದರು, ಅವನು ತಲೆಯಾಡಿಸಿದ. ವ್ಯಾನಿನ ತಗಡು ಕಾದು ಒಳಗೆ ಒಲೆಯ ಹಾಗಾಗಿತ್ತು. ಡಾಕ್ಟರು ತಮ್ಮ ಒದ್ದೆ ಟವೆಲನ್ನು ಹತ್ತಿರದ ಕ್ಯಾನಿಗೆ ಸುತ್ತಿದರು. ಆಮೇಲೆ ಮೂಗು ಹತ್ತಿರ ತಂದು, "ಇದು ಇನ್ನು ಬಹಳ ಹೊತ್ತು ತಡೆಯಲ್ಲ ಕಣಪ್ಪ" ಎಂದರು. ಅದು ಅಕ್ಕನ ಕ್ಯಾನು.

ಕಣಿವೆ ಕಾಣುವ ಒಂದು ತಿರುವಿನಲ್ಲಿ ತಡೆಗೋಡೆಯಿದೆ. ಅಲ್ಲಿ ಅಧ್ಯಕ್ಷರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಜೇಬಿನಿಂದ ಫೋನು ತೆಗೆದು, ಬೆಟ್ಟ ಹಿಂದೆ ಬರುವ ಹಾಗೆ ತಮ್ಮದೊಂದು ಫೋಟೋ ತೆಗೆದುಕೊಂಡರು. ಸರಿಯಾಗಿ ಬರಲಿಲ್ಲವೆಂದು ಇನ್ನೊಂದು. ಅವರ ಮುಖದಲ್ಲಿ ದುಷ್ಟತನವೇನೂ ಇರಲಿಲ್ಲ. ಮಗುವಿನ ಸಂತೋಷವಿತ್ತು. ವ್ಯಾನಿನವನ ಕೋಪ ನೆತ್ತಿಗೇರಿದ್ದು ಆ ಸಂತೋಷವನ್ನು ಕಂಡು.

ಅವನು ಎಂಜಿನ್ನು ಆರಿಸಲಿಲ್ಲ. ಹ್ಯಾಂಡ್‌ಬ್ರೇಕು ಎಳೆದ, ದಾರ ಹರಿಯುವಂತೆ ಕತ್ತರಿ ಕಿತ್ತ, ಇಳಿದ. ಸೀಟಿಯಣ್ಣ ತೋಳು ಹಿಡಿದ, ಅದನ್ನು ಬಿಡಿಸಿಕೊಂಡ.

"ಅಧ್ಯಕ್ಷರೇ, ತಿರುಗಿ ನಿಂತ್ಕೊಳ್ಳಿ."

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ಕತ್ತರಿ ಕಂಡ ಮೇಲೆ ಅರ್ಥವಾಯಿತು. ತಾವು ಮುಗಿಸಬೇಕು, ಮೊಮ್ಮಗಳು ಕೆಳಗೆ ಹೂ ಹಿಡಿದು ನಿಂತಿದ್ದಾಳೆ, ಇನ್ನೇನು ಇಳಿಜಾರು ಬಂದೇಬಿಟ್ಟಿತು ಎಂದು ಮೆಲ್ಲಗೆ ಹೇಳಿದರು. ಆ ದನಿ ಬೇಡುವ ದನಿಯಾಗಿತ್ತು. ಸಂಘದ ಆಫೀಸಿನಲ್ಲಿ ಅಂಥ ದನಿಯನ್ನು ಅವರು ಕೇಳುತ್ತಿದ್ದರು, ಆಡುತ್ತಿರಲಿಲ್ಲ.

"ಮುಗ್ಸಿ, ಯಾರು ಬೇಡ ಅಂದ್ರು? ನಿಮ್ಮ ಪಾಡಿಗೆ ನೀವು ಮುಗ್ಸಿ. ಆರು ಕೇರಿ ಹಾಲು ನಿಮ್ಮ ಬೆನ್ನಿಗೆ ಕಟ್ಟಿದೆ, ಅದನ್ನ ಬಿಟ್ಟು ಮುಗ್ಸಿ."

"ಒಂದು ದಿನ ಕಣೋ. ವರ್ಷಕ್ಕೆ ಒಂದೇ ದಿನ."

"ಎಮ್ಮೆಗೆ ಹೋಗಿ ಹೇಳಿ."

ಹೇಳುತ್ತಲೇ ಅವನು ಹಿಂದೆ ಬಂದು, ನಂಬರಿನ ನಾಲ್ಕು ಮೂಲೆಯ ದಾರಗಳನ್ನು ಕತ್ತರಿಸಿದ. ಅಧ್ಯಕ್ಷರು ತಡೆಯಲಿಲ್ಲ. ತಡೆಯುವವರು ಯಾವತ್ತೂ ಬೇರೆಯವರಿರುತ್ತಿದ್ದರು, ಅವರಿಗೆ ರೂಢಿಯಿರಲಿಲ್ಲ. ನಂಬರು ಕೈಗೆ ಬಂದ ಮೇಲೆ ಮಾತ್ರ ಅವರ ದನಿ ಮರಳಿತು. "ನಾಳೆ ಸಂಘದ ಆಫೀಸಿಗೆ ಬಾ" ಎಂದರು.

"ನಾಳೆ ಹಾಲು ಇಳಿಸಿ ಬರ್ತೀನಿ."

ಆಮೇಲೆ ಅವನು ವ್ಯಾನನ್ನು ಓಡಿಸಿದ ರೀತಿಯನ್ನು ಡಾಕ್ಟರು ಬಹಳ ದಿನ ಪೇಟೆಯಲ್ಲಿ ಹೇಳಿಕೊಂಡು ತಿರುಗಿದರು. ಬೆಂಚಿನಿಂದ ಇಳಿದು ಕ್ಯಾನುಗಳನ್ನು ತಬ್ಬಿಕೊಂಡೇ ಕೂತಿದ್ದರಂತೆ. ಉಳಿದ ಎರಡು ಕೇರಿಗಳಲ್ಲಿ ಕ್ಯಾನು ಏರಿಸುವಾಗ ಸೀಟಿಯಣ್ಣನೂ ಇಳಿದು ಕೈ ಹಾಕಿದ. ವಾಕಿಟಾಕಿ ಸೀಟಿನ ಮೇಲೆ ಒಂದೇ ಸಮನೆ ಕೂಗುತ್ತಿತ್ತು, ಅದರ ಮೇಲೆ ಅವನು ತನ್ನ ಟೋಪಿ ಮುಚ್ಚಿದ.

ಡೈರಿಗೆ ಬಂದಾಗ ಟ್ಯಾಂಕರಿನವನು ಬಾಗಿಲು ಹಾಕಿ ಕೂತಿದ್ದ, ಹೊರಟಿರಲಿಲ್ಲ. ಪರೀಕ್ಷೆ ಮಾಡುವ ಹುಡುಗಿ ಒಂದೊಂದು ಕ್ಯಾನಿನಿಂದಲೂ ಗಾಜಿನ ನಳಿಗೆಯಲ್ಲಿ ಸ್ವಲ್ಪ ಹಾಲು ತೆಗೆದು ಕಾಯಿಸಿ ನೋಡಿದಳು. ಮೇಲಿನ ಕೇರಿಗಳದು ಒಡೆಯದೆ ನಿಂತಿತು. ಎರಡನೆಯ ಕೇರಿಯದೂ ಹೇಗೋ ನಿಂತಿತು. ಅಕ್ಕನ ಎರಡು ಕ್ಯಾನಿನ ಹಾಲು ನಳಿಗೆಯಲ್ಲೇ ಒಡೆದು ಗಂಟು ಗಂಟಾಯಿತು. ಹುಡುಗಿ ಅವನ ಮುಖ ನೋಡದೆ ಆ ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿದಳು.

ವಾಪಸು ಬರುವಾಗ ಪೇಟೆಯ ಚೌಕದಲ್ಲಿ ಜನ ಇನ್ನೂ ನಿಂತಿದ್ದರು. ಅಧ್ಯಕ್ಷರು ಬರಿ ಬೆನ್ನಿನಲ್ಲಿ ಇಳಿಜಾರು ಇಳಿದು ಬಂದರು. ನಂಬರಿಲ್ಲದ್ದನ್ನು ಯಾರೂ ಕಾಣಲಿಲ್ಲ, ಅಥವಾ ಕಾಣದ ಹಾಗೆ ಚಪ್ಪಾಳೆ ಹೊಡೆದರು. ಕೊರಳಿಗೆ ಪದಕ ಬಿತ್ತು. ವ್ಯಾನಿನವನು ಹಾರ್ನ್ ಹೊಡೆಯಲಿಲ್ಲ. ಜನರ ನಡುವೆ ದಾರಿ ಸಿಗುವವರೆಗೆ, ಒಡೆದ ಹಾಲಿನ ಎರಡು ಕ್ಯಾನುಗಳನ್ನು ಹಿಂದಿಟ್ಟುಕೊಂಡು ಮತ್ತೆ ಕಾದ.

ಸಂಜೆ ಅಕ್ಕನ ಅಂಗಳದಲ್ಲಿ ಕ್ಯಾನುಗಳನ್ನು ಇಳಿಸಿದ. ಅವಳು ಮುಚ್ಚಳ ತೆಗೆದು ನೋಡಿ ಮುಚ್ಚಿದಳು. ಉಳಿದವರದು ಎಂದು ಕೇಳಿದಳು, ಉಳಿಯಿತು ಎಂದ. ಅವನು ನಡೆದದ್ದನ್ನೆಲ್ಲ ಹೇಳಿ, ಅಂಗಿಯೊಳಗಿನಿಂದ ನಂಬರು ತೆಗೆದು ಕಟ್ಟೆಯ ಮೇಲಿಟ್ಟ. ಎಲ್ಲೋ ಒಂದು ಕಡೆ, ಈ ಸಲವಾದರೂ ಅವಳು ನಗಬಹುದು ಎಂದು ಆಸೆಯಿತ್ತು.

"ಎಲ್ಲಿ ಕತ್ತರಿಸ್ದೆ?"

"ಗೋಡೆ ತಿರುವಿನಲ್ಲಿ."

"ತೊಟ್ಟಿ ಹತ್ರ ಯಾಕೆ ಕತ್ತರಿಸ್ಲಿಲ್ಲ?"

ತೊಟ್ಟಿಯಿಂದ ಗೋಡೆ ತಿರುವಿನವರೆಗಿನ ಏರು ಅವನ ಕಣ್ಣ ಮುಂದೆ ಬಂತು, ತಾನು ತಲೆಯಾಡಿಸಿದ ಒಂದೊಂದು ಕಟ್ಟೆಯೂ ಬಂತು. ಅಲ್ಲಿಯವರೆಗೆ ಅಧ್ಯಕ್ಷರ ಮೇಲಿದ್ದ ಕೋಪವೆಲ್ಲ ದಿಕ್ಕು ತಿರುಗಿಸಿ ಅವನ ಮೇಲೇ ಬಂದು ಬಿತ್ತು. ಅಕ್ಕ ನಂಬರು ಎತ್ತಿಕೊಂಡು ಹೋಗಿ, ರಸ್ತೆ ಬದಿಯ ಕಟ್ಟೆಯ ಕಂಬಕ್ಕೆ ತಂತಿಯಿಂದ ಬಿಗಿದಳು. ತಂತಿಯನ್ನು ಇಕ್ಕಳದಲ್ಲಿ ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚೇ ತಿರುಚಿದಳು.

ಬೇಸಿಗೆಯೆಲ್ಲ ಆ ರಸ್ತೆಯಲ್ಲಿ ಸೈಕಲ್ಲಿನವರು ಬರುತ್ತಾರೆ, ಚೀಲ ಕಟ್ಟಿಕೊಂಡು ಬೆಟ್ಟ ನೋಡುವುದಕ್ಕೆ. ಕಂಬದ ಮೇಲಿನ ನಂಬರು ಕಂಡು ನಿಲ್ಲುತ್ತಾರೆ, ಏನಿದು ಎಂದು ಕೇಳುತ್ತಾರೆ. ಅಕ್ಕ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದಳು, ತಮ್ಮ ತೊಟ್ಟಿಯ ಹತ್ತಿರ ಹೆದರಿದ್ದನ್ನೂ ಬಿಡದೆ. ಸುದ್ದಿ ಕೆಳಗೆ ಪೇಟೆಗೆ ಹೋಗುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಸೀಟಿಯಣ್ಣ ಬಂದು, ಗುತ್ತಿಗೆಯ ಕಾಗದ ಅಧ್ಯಕ್ಷರ ಮೇಜಿನ ಮೇಲಿದೆ, ರುಜು ಇನ್ನೂ ಬಿದ್ದಿಲ್ಲ, ಪದಕದ ಜೊತೆ ಗಾಜಿನ ಕಟ್ಟು ಹಾಕಿಸುವುದಕ್ಕೆ ಅವರು ಆ ನಂಬರು ಕೇಳಿದ್ದಾರೆ ಎಂದು ನೆಲ ನೋಡುತ್ತ ಹೇಳಿದ.

ಕ್ಯಾನು ಎತ್ತುತ್ತಿದ್ದ ವ್ಯಾನಿನವನು ಅದನ್ನು ಕೆಳಗಿಟ್ಟ. ಅಕ್ಕ ಉತ್ತರ ಕೊಡುವುದಕ್ಕೆ ಬಾಯಿ ತೆರೆದಿದ್ದಳು. ಈ ಸಲ ಅವನು ಅವಳಿಗೆ ಬಿಡಲಿಲ್ಲ.

"ಬೇಕಾದ್ರೆ ಅವರೇ ಬಂದು ಬಿಚ್ಕೊಳ್ಳಲಿ ಅನ್ನು" ಎಂದ. "ಸೈಕಲ್‌ನಲ್ಲೇ ಬರ್ಲಿ. ಆದ್ರೆ ಹಾಲು ಹೋದ ಮೇಲೆ ಬರ್ಲಿ."

ಅಕ್ಕ ಬಗ್ಗಿ, ಕ್ಯಾನಿನ ಇನ್ನೊಂದು ಹಿಡಿಯನ್ನು ತಾನು ಹಿಡಿದಳು.