ಅಗ್ರಿಪಿನಾಳ ದಾಟುಬಟ್ಟೆ

ನೋಟಿಗೆ ಬಣ್ಣ ಆರಿಸಲೆಂದು ಕೂತ ಆ ಸಮಿತಿಯವರಿಗೆ ಕಣ್ಣಿದ್ದವೋ ಇಲ್ಲವೋ ದೇವರೇ ಬಲ್ಲ, ಬಾಯಿ ಮಾತ್ರ ಎಲ್ಲರಿಗೂ ಇತ್ತು. ದೊಡ್ಡ ದೇಶ ಒಡೆದು ಚೂರುಚೂರಾಗಿ, ಚೂರಿಗೊಂದು ಬಾವುಟ, ಚೂರಿಗೊಂದು ನೋಟು ಬೇಕಾಗಿದ್ದ ಕಾಲ ಅದು. ರಾಜಧಾನಿ ಕಿಶಿನಾವ್‌ನ ಮಿಠಾಯಿ ಕಾರ್ಖಾನೆಗೆ ಚಾಕಲೇಟು ಸುತ್ತುವ ಕಾಗದ ಬರೆದುಕೊಂಡಿದ್ದ ಝಂಫಿರಾಳಿಗೆ ಈಗ ದೇಶದ ನೋಟು ಬರೆಯುವ ಕೆಲಸ ಬಂದಿತ್ತು. ಅವಳು ತನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ತಪ್ಪು ಮಾಡಿದ ಶಾಲೆಯ ಹುಡುಗಿಯ ಹಾಗೆ ನಿಂತಿದ್ದಳು.

"ಕೆಂಪು ಬೇಡಮ್ಮ," ಅಂದ ಅಧ್ಯಕ್ಷ ಸ್ಪಿರಿದೋನ್. "ಕೆಂಪು ಅಂದ್ರೆ ಮಾಸ್ಕೋ. ನೋಡಿದ್ರೇನೇ ಹೊಟ್ಟೆ ತೊಳಸತ್ತೆ."

ಮೊನ್ನೆ ಮೊನ್ನೆಯವರೆಗೆ ಮೇ ದಿನದ ಮೆರವಣಿಗೆಗೆ ಊರಿಗೆ ಊರೇ ಕೆಂಪು ಬಟ್ಟೆ ಹೊದಿಸಿದವನು ಇದೇ ಮನುಷ್ಯ. ಕಾರ್ಖಾನೆಯ ಬ್ಯಾನರಿನಲ್ಲಿ ಕೆಂಪು ಸಾಲದೆಂದು ಝಂಫಿರಾಳಿಗೆ ಎಲ್ಲರೆದುರು ಉಗಿದವನೂ ಇವನೇ.

"ಹಾಗಾದ್ರೆ ಹಸಿರು?" ಎಂದಳು.

"ಹಸಿರು ತುರ್ಕರದ್ದು."

"ನೀಲಿ?"

"ಪ್ರುತ್ ನದಿ ಆಚೆಯ ದೇಶದವರ ನೋಟು ನೀಲಿ. ತಮ್ಮದರ ಮಕ್ಕಿಕಾಮಕ್ಕಿ ಅಂತ ನಗ್ತಾರೆ."

"ಹಳದಿ?"

"ಕಾಮಾಲೆ ಬಂದ ಹಾಗಿರತ್ತೆ," ಅಂದ ಇತಿಹಾಸದ ಪಂಡಿತ ನಿಕಿಫೋರ್. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಬರೆದಿದ್ದ ದ್ರಾಕ್ಷಿ ಬಳ್ಳಿಯ ಅಂಚನ್ನೂ ಅವನೇ ಹೊಡೆದುಹಾಕಿದ. "ಬಳ್ಳಿ ಹಾಕಿದ್ರೆ ಹೊರಗಿನೋರು ನಮ್ಮನ್ನ ಕುಡುಕರು ಅಂದ್ಕೋತಾರೆ." ಹಾಗೆ ಹೇಳುವಾಗ ಅವನ ಕೈಯಲ್ಲಿ ವೈನಿನ ಲೋಟವಿತ್ತು, ಮೂಗು ಬೀಟ್‌ರೂಟಿನ ಹಾಗೆ ಕೆಂಪಾಗಿತ್ತು.

"ನಮ್ಮದು ಬೇಕು, ಬರೀ ನಮ್ಮದು," ಎಂದು ಸ್ಪಿರಿದೋನ್ ಎದೆ ಬಡಿದುಕೊಂಡ. "ರಕ್ತದಲ್ಲಿ ಹರಿದು ಬಂದದ್ದು. ಅಕ್ಕಪಕ್ಕದ ಒಬ್ಬರ ಹತ್ರಾನೂ ಇರಬಾರದು, ಗೊತ್ತಾಯ್ತಾ?"

ಎಲೆಕೋಸಿನ ಸುರುಳಿ ಎಲ್ಲರ ಮನೆಯಲ್ಲೂ ಬೇಯುತ್ತದೆ, ಜಮಖಾನೆಯ ಗುಲಾಬಿ ಎಲ್ಲರ ಗೋಡೆಯ ಮೇಲೂ ಅರಳುತ್ತದೆ. ಅಕ್ಕಪಕ್ಕದವರಿಗಿಲ್ಲದ್ದು ಇವರ ಈ ಸೊಕ್ಕೊಂದೇ ಎಂದು ಹೇಳಬೇಕೆನ್ನಿಸಿತು ಝಂಫಿರಾಳಿಗೆ. ಆದರೆ ಹಾಳೆ ಸುತ್ತಿಕೊಂಡು ಮನೆಗೆ ಬಂದಳು.

ಈಸ್ಟರ್ ಹತ್ತಿರ ಬಂದಿತ್ತು. ಅವಳ ತಾಯಿ ಅಗ್ರಿಪಿನಾ ವರ್ಷವೂ ಅದೇ ದಿನಗಳಲ್ಲಿ ತನ್ನ ಸಾವಿನ ಗಂಟನ್ನು ಬಿಚ್ಚಿ ಬಿಸಿಲಿಗೆ ಹಾಕುವವಳು. ಅವಳ ಹಳ್ಳಿಯ ಮುದುಕಿಯರೆಲ್ಲ ಮಾಡುವುದೇ ಅದು: ಉಡಿಸಬೇಕಾದ ಅಂಗಿ, ತಲೆವಸ್ತ್ರ, ಮೇಣದಬತ್ತಿ, ಎಲ್ಲಕ್ಕಿಂತ ಮುಖ್ಯವಾಗಿ ದಾಟುಬಟ್ಟೆ. ಕಣ್ಣು ಚುರುಕಾಗಿರುವಾಗಲೇ ಹೆಂಗಸು ಅದನ್ನು ತನ್ನ ಕೈಯಾರೆ ನೇಯ್ದಿಡಬೇಕು. ಕಪ್ಪು ಬಿಳಿ ಉಣ್ಣೆಯ ಉದ್ದನೆಯ ಬಟ್ಟೆ, ಮೆಟ್ಟಿಲು ಮೆಟ್ಟಿಲಾದ ಗೆರೆಗಳು, ದಾರಿ ತೆರೆದಿರಲೆಂದು ಒಂದು ಅಂಚನ್ನು ಮುಚ್ಚದೆ ಬಿಟ್ಟಿರುತ್ತಾರೆ. ಮಣ್ಣಿಗೆ ಒಯ್ಯುವ ದಿನ ಅದನ್ನು ತುಂಡು ಮಾಡಿ, ಗೇಟಿನಲ್ಲಿ, ಬಾವಿಯ ಹತ್ತಿರ, ದಾರಿ ಕೂಡುವಲ್ಲೆಲ್ಲ ಹಾಸಿ, ಮೇಲೊಂದು ನಾಣ್ಯವಿಟ್ಟು, ಹೆಣದ ಪೆಟ್ಟಿಗೆಯನ್ನು ಅದರ ಮೇಲಿಂದ ದಾಟಿಸುತ್ತಾರೆ. ದಾಟಿದ ತುಂಡು ಅಲ್ಲಿ ಕಾದು ನಿಂತ ಬಡವರಿಗೆ. ಅವರು ತೆಗೆದುಕೊಂಡರೆ ಸತ್ತವಳಿಗೆ ಆಚೆಯ ದಾರಿ ಬಿಟ್ಟ ಹಾಗೆ.

ಅಗ್ರಿಪಿನಾ ಇಗರ್ಜಿಗೆ ಹೋಗಿದ್ದಳು. ದಾಟುಬಟ್ಟೆ ಬಾಲ್ಕನಿಯ ಕಂಬಿಯ ಮೇಲೆ ತೂಗುತ್ತಿತ್ತು. ಅಷ್ಟರಲ್ಲಿ ಬಣ್ಣದ ವಿಷಯಕ್ಕೆ ಇನ್ನೊಂದಿಷ್ಟು ಕೊರೆಯಲು ಬಂದ ಸ್ಪಿರಿದೋನ್ ಅದನ್ನು ಕಂಡವನೇ ಮೂಕನಾದ. ಮೂಕನಾಗಿಯೇ ಉಳಿದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇದೇ! ಇದೇ ಬೇಕಾಗಿತ್ತು ಕಣಮ್ಮ! ಮನೇಲೇ ಇಟ್ಕೊಂಡು ನಮ್ಮನ್ನ ಯಾಕೆ ಆಟ ಆಡಿಸ್ತಿದ್ರಿ?"

"ಅದಕ್ಕೆ ಕೈ ಹಚ್ಚಬೇಡಿ. ಹೆಣದ ಮುಂದೆ ಹಾಸೋ ಬಟ್ಟೆ ಅದು. ನಮ್ಮಮ್ಮಂದು."

"ಇರಲಿ ಬಿಡಿ. ಹಳೇ ಬಟ್ಟೆ ಅಂದ್ಮೇಲೆ ಏನಕ್ಕೋ ಒಂದಕ್ಕೆ ಹಾಸಿಯೇ ಇರ್ತಾರೆ. ಆಚೆಯೋರ ಹತ್ರ ಇದಿಲ್ಲ, ಅಷ್ಟು ಸಾಕು."

ಅವನ ಊರಿನಲ್ಲೂ ಇದೇ ಪದ್ಧತಿ ಇತ್ತು. ಆದರೆ ಪಾದ್ರಿ ಬಂದ ಸಾವಿನ ಮನೆಗೆ ಕಾಲಿಟ್ಟರೆ ಪಕ್ಷದಲ್ಲಿ ಮೇಲೇರುವ ದಾರಿ ಮುಚ್ಚಿಹೋಗುತ್ತದೆಂದು ಹೆದರಿ ಬೆಳೆದವನು ಅವನು. ಸ್ವಂತ ತಾಯಿಯನ್ನೇ ಬ್ಯಾಂಡಿನವರನ್ನು ಕರೆಸಿ, ಕೆಂಪು ಬಟ್ಟೆ ಹೊದಿಸಿ, ಭಾಷಣ ಮಾಡಿಸಿ ಹೂಳಿದ್ದ. ಈಗ ಅದೇ ಕೈಯಿಂದ ದಾಟುಬಟ್ಟೆಯನ್ನು ಕಂಬಿಯಿಂದ ಎಳೆದು ಚರ್ಮದ ಚೀಲಕ್ಕೆ ತುರುಕಿದ.

"ಅಯ್ಯೋ, ಏನ್ ಮಾಡ್ತಿದೀರಿ?"

"ದೇಶದ ಕೆಲಸಮ್ಮ. ನಾಳೆ ವಾಪಸ್ ತಂದ್ಕೊಡ್ತೀನಿ, ಮಾತು."

ಝಂಫಿರಾ ಮೆಟ್ಟಿಲಿನವರೆಗೂ ಓಡಿದಳು. ಅವನ ಕಾರು ಹೊರಟೇಹೋಯಿತು.

ಆ ನಾಳೆ ಬರಲೇ ಇಲ್ಲ. ಫೋನು ಮಾಡಿದರೆ "ಬಣ್ಣ ಹೊಂದಿಸ್ತಿದಾರೆ", ಬಾಗಿಲಿಗೆ ಹೋದರೆ "ಅಧ್ಯಕ್ಷರು ಮೀಟಿಂಗಲ್ಲಿದಾರೆ". ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅವಳಿಲ್ಲದೆಯೇ ಬೇರೆ ಯಾರ ಕೈಯಿಂದಲೋ ಆ ಗೆರೆಗಳನ್ನು ಬರೆಸಿ, ಬಟ್ಟೆಯದೇ ಕಪ್ಪು ಬಿಳಿ ಬಣ್ಣ ಬಳಿದು, ಅಚ್ಚಿಗೆ ಹೊರದೇಶಕ್ಕೆ ಕಳಿಸಿದ್ದೂ ಆಯಿತು. ಬಟ್ಟೆಯನ್ನು ಯಾರೋ ಒಯ್ದರೆಂದಷ್ಟೇ ತಿಳಿದಿದ್ದ ಅಗ್ರಿಪಿನಾ ಮಾತ್ರ ಅದು ವಾಪಸ್ ಬರಲೆಂದು ಸಾವಿನ ಗಂಟು ಕಟ್ಟದೆ ಹಾಗೇ ಬಿಟ್ಟಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಕಾಲು ಬಾತುಕೊಂಡವು, ಮೇಲುಸಿರು ಹತ್ತಿತು. ಮಮಲಿಗಾ ಗಂಜಿಯ ತುತ್ತನ್ನು ಬಾಯಿಗಿಟ್ಟರೆ ತಲೆ ತಿರುಗಿಸುವಳು.

"ಬಟ್ಟೆ ತಂದ್ಕೊಡೇ ಮಗಳೇ," ಎಂದಳು ಒಂದು ಬೆಳಿಗ್ಗೆ. "ಅದಿಲ್ದೆ ನಾನು ಹೊರಡೋ ಹಾಗಿಲ್ಲ, ಇರೋಕೂ ಆಗ್ತಿಲ್ಲ. ಇದೆಂಥಾ ಹಾಳು ಕಾಯೋದು?"

ಝಂಫಿರಾ ಆವತ್ತು ಸಮಿತಿಯ ಕಚೇರಿಯ ಬಾಗಿಲಿನವನನ್ನು ತಳ್ಳಿಕೊಂಡೇ ಒಳಗೆ ಹೋದಳು. ಹೊಸ ನೋಟಿನ ಮಾದರಿ ಬಂದಿತ್ತು, ಸಮಿತಿಯವರ ಸಂಭ್ರಮ ನಡೆದಿತ್ತು. ಮೇಜಿನ ಮೇಲೆ ಹಾಸಿದ್ದು ಅವಳ ತಾಯಿಯ ದಾಟುಬಟ್ಟೆ. ಅದರ ಮೇಲೆ ಹಂದಿಕೊಬ್ಬಿನ ಚೂರುಗಳು, ಉಪ್ಪಿನ ಸೌತೆ, ಕುರಿ ಗಿಣ್ಣು, ಕಡಿದು ಬಿಟ್ಟ ಪ್ಲಚಿಂತಾ ರೊಟ್ಟಿ, ಸಿಗರೇಟಿನ ಬೂದಿ. ಯಾರದೋ ಲೋಟ ಉರುಳಿ ಒಂದು ಮೂಲೆ ಪೂರ್ತಿ ಕಪ್ಪು ವೈನು ಕುಡಿದಿತ್ತು.

"ಬನ್ನಿ ಬನ್ನಿ, ಕಲಾವಿದರೇ!" ಎಂದ ಸ್ಪಿರಿದೋನ್, ಜಿಡ್ಡು ಬೆರಳಿನಲ್ಲಿ ನೋಟು ಎತ್ತಿ ತೋರಿಸುತ್ತ. "ನೋಡಿ, ಕೆಳಗೆ ನನ್ನ ರುಜು!"

ಅವಳು ಅತ್ತ ನೋಡಲೇ ಇಲ್ಲ. ಬಟ್ಟೆಯ ಎರಡು ತುದಿ ಹಿಡಿದು ಎಳೆದಳು. ತಟ್ಟೆ ಲೋಟಗಳೆಲ್ಲ ದಡದಡ ಉರುಳಿದವು.

"ಥೂ ನಿಮ್ಮ! ಹೆಣದ ಬಟ್ಟೆ ಮೇಲೆ ತಿಂತಿದೀರಲ್ಲ, ಗಂಟಲಲ್ಲಿ ಇಳೀತಾ?"

ಅಲ್ಲಿದ್ದ ಟೈಪಿಸ್ಟ್ ಹೆಂಗಸೊಬ್ಬಳು ಬಾಯಲ್ಲಿದ್ದದ್ದನ್ನು ಕರವಸ್ತ್ರಕ್ಕೆ ಉಗುಳಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ನಿಕಿಫೋರ್ ಮಾತ್ರ ಕೋಟಿನ ಮೇಲೆ ಚೆಲ್ಲಿದ ವೈನನ್ನು ಒರೆಸಿಕೊಳ್ಳುತ್ತ ಕೂತಿದ್ದ.

"ನಿಮಗೆ ಗೊತ್ತಿರಲಿಲ್ವಾ?" ಎಂದು ಝಂಫಿರಾ ಅವನನ್ನೇ ಕೇಳಿದಳು. "ಊರೂರಿನ ಹಾಡು ಪದ್ಧತಿ ಎಲ್ಲ ಬರ್ಕೊಂಡು ತಿರುಗಿದೋರು ನೀವು."

"ಗೊತ್ತಿತ್ತು," ಎಂದ. "ಗೊತ್ತಿರದೆ ಏನು? ಆದ್ರೆ ಆಚೆಯೋರ ಹತ್ರ ಇದಿಲ್ಲ ನೋಡಿ."

ಸ್ಪಿರಿದೋನ್ ಅವಳನ್ನು ಬಾಗಿಲವರೆಗೆ ಕಳಿಸಲು ಬಂದ. ದನಿ ತಗ್ಗಿಸಿದ. "ಹೊರಗೆ ಬಾಯಿ ಬಿಡಬೇಡಿ, ಅಕ್ಕಾ. ಅಚ್ಚಾಗಿಬಿಟ್ಟಿದೆ. ಯಾರಿಗೆ ನೆನಪಿರತ್ತೆ ಹೇಳಿ ಇದೆಲ್ಲ?" ಅವಳನ್ನು ಎಂದೂ ಅಕ್ಕ ಅನ್ನದವನು ಈಗ ಅಕ್ಕ ಅಂದದ್ದು ಕೇಳಿ ಅವಳಿಗೆ ಮೈಮೇಲೆ ಜಿರಲೆ ಹರಿದಂತಾಯಿತು.

ಮನೆಗೆ ಬಂದು ಬಟ್ಟೆಯನ್ನು ಬೂದಿಯ ನೀರಿನಲ್ಲಿ ನೆನೆಸಿದಳು, ಸಾಬೂನು ಹಚ್ಚಿ ತಿಕ್ಕಿದಳು, ಬೆರಳು ಸುಲಿದುಹೋದವು. ಜಿಡ್ಡು ಬಿಟ್ಟಿತು, ವೈನಿನ ಕಲೆ ಬಿಡಲಿಲ್ಲ. ಅಗ್ರಿಪಿನಾ ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು ಅಂಗುಲ ಅಂಗುಲ ನೋಡಿದಳು.

"ಯಾರೇ ನನ್ನ ಮೇಲೆ ಕುಡಿದದ್ದು?"

ಝಂಫಿರಾ ಎಲ್ಲವನ್ನೂ ಹೇಳಿದಳು. ನೋಟಿನ ವಿಷಯ ಕೇಳಿ ಮುದುಕಿ ಮುಖ ಸಿಂಡರಿಸಿದಳು. "ಅಂದ್ರೆ ನನ್ನ ದಾರೀನ ಇನ್ಮೇಲೆ ಜನ ಮೀನಿನಂಗಡೀಲಿ ಕೊಟ್ಟು ಚಿಲ್ಲರೆ ಇಸ್ಕೋತಾರೆ ಅನ್ನು. ಹೇಸಿಗೆ ನನ್ನ ಮಕ್ಕಳು."

"ಇನ್ನೊಂದು ನೇಯಿಸೋಣ ಅಮ್ಮಾ, ಊರಲ್ಲಿ ಯಾರಾದ್ರೂ..."

"ಇನ್ನೊಬ್ಬಳು ನೇಯ್ದದ್ದರ ಮೇಲೆ ನಾನು ಹೋಗ್ತೀನೇನೇ? ಕಲೆ ಬಿದ್ದ ತುಂಡನ್ನ ಗೇಟಲ್ಲೇ ಹಾಸು. ಮೊದಲೇ ಅದನ್ನ ದಾಟಿಬಿಡ್ತೀನಿ, ಆಮೇಲೆ ಚೊಕ್ಕಟ." ಕಲೆಯ ಮೂಲೆಯನ್ನು ಒಳಗೆ ಮಡಿಸುತ್ತ, "ಆದ್ರೆ ಆ ತುಂಡನ್ನ ಯಾರು ತಗೋತಾರೆ? ಎಂಜಲು ಬಿದ್ದದ್ದು. ತಗೊಳ್ಳದಿದ್ರೆ ನಾನು ಗೇಟಲ್ಲೇ ನಿಲ್ಲಬೇಕಲ್ಲೇ," ಎಂದಳು. ಅವಳು ಅತ್ತದ್ದನ್ನು ಝಂಫಿರಾ ಕಂಡದ್ದು ಅದೊಂದೇ ಸಲ.

ಹಳ್ಳಿಯ ಮನೆಗೆ ಕರೆದೊಯ್ದ ವಾರದಲ್ಲೇ ಅಗ್ರಿಪಿನಾ ತೀರಿಕೊಂಡಳು. ಅಷ್ಟರಲ್ಲಿ ಹೊಸ ನೋಟು ಊರಿಗೂ ಬಂದಿತ್ತು. ಸಂತೆಯಲ್ಲಿ ಮುದುಕಿಯರು ಹೆಣದ ಬಟ್ಟೆಯ ಗೆರೆ ಕಂಡು, ಅದನ್ನು ತಲೆವಸ್ತ್ರದ ತುದಿಯಿಂದ ಹಿಡಿದು ಈಸಿಕೊಳ್ಳುವರು, ಮನೆಗೆ ತಾರದೆ ಅಲ್ಲೇ ಖರ್ಚು ಮಾಡಿ ಕೈ ತೊಳೆಯುವರು.

ಪೆಟ್ಟಿಗೆ ಅಂಗಳಕ್ಕೆ ಬಂತು. ಝಂಫಿರಾ ಕಲೆಯ ತುಂಡನ್ನು ಗೇಟಿನ ಕೆಸರಿನ ಮೇಲೆ ಹಾಸಿ ನಾಣ್ಯಕ್ಕೆಂದು ಜೇಬಿಗೆ ಕೈ ಹಾಕುವಷ್ಟರಲ್ಲಿ ಕಪ್ಪು ಕಾರೊಂದು ಬಂದು ನಿಂತಿತು. ಸ್ಪಿರಿದೋನ್ ಇಳಿದ, ಕೈಯಲ್ಲಿ ಪ್ಲಾಸ್ಟಿಕ್ ಹೂವಿನ ಹಾರ, ಹಿಂದೆ ಫೋಟೋ ತೆಗೆಯುವವನು. ಯಾರೂ ಕರೆದಿರಲಿಲ್ಲ. ಅವನು ಎಲ್ಲರ ಮುಂದೆ ಬಗ್ಗಿ, ಗರಿಗರಿ ನೋಟೊಂದನ್ನು ಬಟ್ಟೆಯ ಮೇಲಿಟ್ಟ. ಗೆರೆಗೆ ಗೆರೆ ಕೂಡಿಕೊಂಡು ನೋಟು ಎಲ್ಲಿದೆಯೆಂದೇ ತಿಳಿಯದಂತಾಯಿತು. ಹೆಣದೆದುರು ಜಗಳ ಬೇಡವೆಂದು ಝಂಫಿರಾ ಹಲ್ಲು ಕಚ್ಚಿಕೊಂಡಳು. ಹೊತ್ತವರು ಪೆಟ್ಟಿಗೆಯನ್ನು ದಾಟಿಸಿದರು. ಹಿಂದಿನವನ ಬೂಟು ನೋಟಿನ ರುಜುವಿನ ಮೇಲೇ ಬಿತ್ತು.

ಗೇಟಿನಾಚೆ ಬೇಡುವ ಹೆಂಗಸೊಬ್ಬಳು ಕಾದು ನಿಂತಿದ್ದಳು, ಕಾಲಿಗೆ ಗೋಣಿ ಸುತ್ತಿಕೊಂಡವಳು. ಅವಳು ಬಗ್ಗಿ ತುಂಡನ್ನು ಎತ್ತಿಕೊಂಡಳು. ಕಲೆಯನ್ನು ನೋಡಿದಳು, ಬೆರಳಿನಿಂದ ಸವರಿದಳು. ಬಟ್ಟೆಗೆ ಅಂಟಿಕೊಂಡಿದ್ದ ನೋಟು ಹೆಂಗಸಿನ ಕೈಗೆ ಸಿಕ್ಕಿತು. ಅವಳು ಬಟ್ಟೆಯನ್ನು ಜೋರಾಗಿ ಕೊಡವಿದಳು. ನೋಟು ಹಾರಿ ಕೆಸರಿಗೆ ಬಿತ್ತು.

"ಈ ಕಾಗದ ನಿಮ್ಮ ಹತ್ರಾನೇ ಇರಲಿ," ಎಂದಳು. "ಅಜ್ಜಿ ಕೈಯಲ್ಲಿ ನೇಯ್ದದ್ದು ಇದು. ನನಗೆ ಇದು ಸಾಕು."

ಬಟ್ಟೆಯನ್ನು ಮಡಿಸಿ ಎದೆಯೊಳಗೆ ಇಟ್ಟುಕೊಂಡು ಅವಳು ಹೊರಟಳು. ಝಂಫಿರಾ ಅಲ್ಲೇ ನಿಂತು ಗಟ್ಟಿಯಾಗಿ ಅತ್ತುಬಿಟ್ಟಳು. ಪೆಟ್ಟಿಗೆ ಬಾವಿಯ ಕಡೆ ತಿರುಗಿತು, ಜನ ಹಿಂದೆ ನಡೆದರು. ಸ್ಪಿರಿದೋನ್ ನೋಟಿನ ಕಡೆ ಒಮ್ಮೆ ಬಗ್ಗಿದ, ಊರಿನವರು ನೋಡುತ್ತಿದ್ದಾರೆಂದು ಕಂಡು ಮತ್ತೆ ನೆಟ್ಟಗಾದ. ನಡೆದವರೆಲ್ಲ ಅದರ ಮೇಲೇ ಕಾಲಿಟ್ಟುಕೊಂಡು ಹೋದರು.