ಹಳದಿ ಬೊಟ್ಟಿನ ನಟ್ಟು

ಹಲ್ಲಿನ ಡಾಕ್ಟರು ಜಾಕಿಯ ಮೇಲೆತ್ತಿದ ಕಾರಿನ ಕೆಳಗೆ ಅಂಗಾತ ಮಲಗಿ, ರೋಗಿಗಳ ಬಾಯಿಗಿಡುವ ಪುಟ್ಟ ಕನ್ನಡಿಯನ್ನು ರೇಡಿಯೇಟರಿನ ಸಂದಿಗೆ ತೂರಿಸಿ ನೋಡುತ್ತಿದ್ದರು. ಹಣೆಗೆ ಕಟ್ಟಿಕೊಂಡಿದ್ದ ದೀಪ ಕ್ಲಿನಿಕ್ಕಿನದು. ಕೈಯಲ್ಲಿದ್ದ ಕೊಕ್ಕೆಯೂ ಕ್ಲಿನಿಕ್ಕಿನದೇ. ಅದರ ತುದಿಯಿಂದ ತುಕ್ಕನ್ನು ಕೆರೆಯುವುದು, ಉದುರಿದ ಪುಡಿಯನ್ನು ಊದುವುದು, ಮತ್ತೆ ಕೆರೆಯುವುದು. ಶೆಡ್ಡಿನ ಗೋಡೆಯಾಚೆ, ಕ್ಲಿನಿಕ್ಕಿನ ಕುರ್ಚಿಯಲ್ಲಿ, ಅರ್ಧ ದವಡೆ ಮರಗಟ್ಟಿದ ಒಬ್ಬ ಮನುಷ್ಯ ಬಾಯಿ ತೆರೆದು ಕಾಯುತ್ತಿದ್ದ. ಗೋಡೆಯ ಮೂಲಕ ಕೇಳಿಬರುತ್ತಿದ್ದ ಕೆರೆತದ ಸದ್ದು ತನ್ನ ಹಲ್ಲಿಗೆ ನಡೆಯುತ್ತಿರುವ ಏನೋ ಪೂರ್ವಸಿದ್ಧತೆ ಎಂದು ಅವನು ತಿಳಿದಂತಿತ್ತು.

"ಬಿಡ್ತಾನೇ ಇಲ್ಲ," ಅಂದರು ಡಾಕ್ಟರು.

"ಆಗುತ್ತೆ," ಅಂದ ಮೆಕ್ಯಾನಿಕ್.

ಮೆಕ್ಯಾನಿಕ್ ಯಾವ ಗಿರಾಕಿಗೂ ಬೇರೆ ಉತ್ತರ ಕೊಟ್ಟವನಲ್ಲ. ಆಗಬೇಕಾದದ್ದು ಆಗದೇ ಹೋದಾಗಲೂ ಅವನು ಇದನ್ನೇ ಹೇಳಿ ಚಹಾ ಕುಡಿಯಲು ಹೋಗುತ್ತಿದ್ದ.

ತೊಂದರೆ ಎರಡು ಕೊಳವೆಗಳದ್ದು. ಗೇರ್‌ಬಾಕ್ಸಿನಲ್ಲಿ ಕಾದ ಎಣ್ಣೆಯನ್ನು ಒಂದು ಉಕ್ಕಿನ ಕೊಳವೆ ಮುಂದಿನ ರೇಡಿಯೇಟರಿಗೆ ಒಯ್ಯುತ್ತಿತ್ತು. ಅಲ್ಲಿ ತಣ್ಣಗಾದ ಎಣ್ಣೆಯನ್ನು ಇನ್ನೊಂದು ವಾಪಸ್ ತರುತ್ತಿತ್ತು. ಎರಡಕ್ಕೂ ವಯಸ್ಸಾಗಿ, ಮೈತುಂಬ ತುಕ್ಕು ತುಂಬಿ, ಎಂಜಿನ್ ಚಾಲೂ ಮಾಡಿದ ಕೂಡಲೇ ಅಲ್ಲಲ್ಲಿ ಕೆಂಪಗೆ ಬೆವರುತ್ತಿದ್ದವು. ಎಣ್ಣೆ ಹೀಗೆ ಸೋರಿ ಹೋದರೆ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ಆದ್ದರಿಂದ ಕೊಳವೆ ಬದಲಿಸದೆ ಕಾರು ಶೆಡ್ಡು ಬಿಟ್ಟು ಕದಲುವಂತಿರಲಿಲ್ಲ, ಹಳೆಯದನ್ನು ಬಿಚ್ಚದೆ ಹೊಸದನ್ನು ಹಾಕುವಂತಿರಲಿಲ್ಲ. ಗೇರ್‌ಬಾಕ್ಸ್ ಕಡೆಯ ನಟ್ಟುಗಳು ಮರ್ಯಾದೆಯಿಂದ ಬಿಟ್ಟುಕೊಟ್ಟಿದ್ದವು. ರೇಡಿಯೇಟರ್ ಕಡೆಯವು ಕೊಳವೆಯನ್ನೇ ಕಚ್ಚಿ ಹಿಡಿದಿದ್ದವು. ತಿರುಗಿಸಲು ಹೋದರೆ ನಟ್ಟಿನ ಜೊತೆ ಕೊಳವೆಯೂ ಹಗ್ಗದ ಹಾಗೆ ಹೊಸೆದುಕೊಳ್ಳುತ್ತಿತ್ತು.

ಇಂಥ ಹೊತ್ತಿನಲ್ಲಿ ಯಾವ ಗ್ಯಾರೇಜಿನಲ್ಲಾದರೂ ಮಾಡುವುದು ಒಂದೇ. ಹೇಗೂ ಎಸೆಯುವ ಕೊಳವೆ, ಅದನ್ನು ನಟ್ಟಿನ ಬುಡದಲ್ಲಿ ಕತ್ತರಿಸಿ, ನಟ್ಟಿನ ತಲೆಗೆ ಗಟ್ಟಿ ಸಾಕೆಟ್ ಕೂರಿಸಿ ತಿರುಗಿಸಿಬಿಡುವುದು. ಮೆಕ್ಯಾನಿಕ್ ಮೊದಲ ದಿನವೇ ಗರಗಸ ಹಿಡಿದುಕೊಂಡು ಬಂದಿದ್ದ. ಆದರೆ ಆವತ್ತು ಸಂಘದ ಅಧ್ಯಕ್ಷರೂ ಶೆಡ್ಡಿನಲ್ಲಿದ್ದರು.

ಅದು ಅಸಲಿ ವಾಹನಗಳ ಸಂಘ. ಸಂಘದವರು ವರ್ಷಕ್ಕೊಮ್ಮೆ ಒಂದು ದೊಡ್ಡ ಹಾಲಿನಲ್ಲಿ ಹಳೆಯ ಕಾರುಗಳನ್ನು ನಿಲ್ಲಿಸಿ ಅಂಕ ಕೊಡುತ್ತಿದ್ದರು. ಓಡುವ ಕಾರಿಗೆ ಅಂಕ ಕಡಿಮೆ, ಏಕೆಂದರೆ ಓಡಿದರೆ ಟೈರು ಸವೆಯುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಯಾರ ಕೈಯೂ ಮುಟ್ಟದ ಸ್ಕ್ರೂ ಇದ್ದರೆ ಹೆಚ್ಚು ಅಂಕ. ಒಬ್ಬ ಸದಸ್ಯರು ತಮ್ಮ ಕಾರಿನ ಡಿಕ್ಕಿಯಲ್ಲಿದ್ದ ಧೂಳು ಕಾರ್ಖಾನೆಯ ಕಾಲದ್ದೇ ಎಂದು ನಂಬಿ, ಅದನ್ನು ಒರೆಸದೆ ಮೇಲೊಂದು ಗಾಜು ಕೂರಿಸಿದ್ದರು. ಅವರಿಗೆ ಆ ವರ್ಷ ಬಹುಮಾನ ಬಂತು. ಅಧ್ಯಕ್ಷರು ಮೆಲುದನಿಯ, ನಯವಾದ ಮನುಷ್ಯ. ಅವರಿಗೆ ಪ್ಲಾಸ್ಟಿಕ್ ಹೂವಿನ ವ್ಯಾಪಾರ.

ಅಧ್ಯಕ್ಷರು ಗರಗಸವನ್ನು ನೋಡಿದರು, ಆಮೇಲೆ ಡಾಕ್ಟರನ್ನು ನೋಡಿದರು. ಕತ್ತರಿಸುವುದು ಸುಲಭ, ಕತ್ತರಿಸಿದ್ದನ್ನು ಕತ್ತರಿಸದೇ ಇರುವ ಹಾಗೆ ಮಾಡುವವರು ಯಾರು ಎಂದು ಕೇಳಿದರು. ಮೆಕ್ಯಾನಿಕ್ ಗರಗಸವನ್ನು ಬೆನ್ನ ಹಿಂದೆ ಸರಿಸಿ, ಅದು ಬೇರೆ ಗಿರಾಕಿಯ ಕೆಲಸಕ್ಕೆ ತಂದದ್ದು, ಇಂಥ ಕಾರಿಗೆ ಗರಗಸ ಇಡುವವನು ಮನುಷ್ಯನೇ ಅಲ್ಲ ಎಂದ. ಕೊಳವೆಗಳು ಇಡಿಯಾಗಿ ಹೊರಬರಬೇಕು, ಸದಸ್ಯರ ಸಮಕ್ಷಮದಲ್ಲಿ ಬರಬೇಕು, ಬಂದ ಮೇಲೆ ಮಕಮಲ್ ಹಾಸಿದ ಪೆಟ್ಟಿಗೆಯಲ್ಲಿ ಕಾರಿನ ಪಕ್ಕದಲ್ಲೇ ಪ್ರದರ್ಶನಕ್ಕೆ ಇರಬೇಕು ಎಂದು ತೀರ್ಮಾನವಾಯಿತು.

ಅಷ್ಟು ಹೊತ್ತಿಗೆ ಡಾಕ್ಟರ ಕನ್ನಡಿಗೆ ಇನ್ನೊಂದು ಸಂಗತಿ ಕಂಡಿತ್ತು. ಕೊಳವೆಯ ಸಣ್ಣ ನಟ್ಟು ಹೋಗಿ ಕೂರುವ ಜಾಗದಲ್ಲಿ, ರೇಡಿಯೇಟರಿಗೆ ಬೆಸೆದ ಒಂದು ದೊಡ್ಡ ಹಿತ್ತಾಳೆ ನಟ್ಟು ಇತ್ತು. ಮೆಕ್ಯಾನಿಕ್ಕಿನ ಭಾಷೆಯಲ್ಲಿ ಅದು ತಾಯಿ, ಕೊಳವೆಯ ಸಣ್ಣ ನಟ್ಟು ಮಗು. ತಾಯಿಯ ಮೈಮೇಲೆ ಒಂದು ಹಳದಿ ಬಣ್ಣದ ಬೊಟ್ಟಿತ್ತು. ಬಿಗಿ ಸರಿಯಾಗಿದೆ ಎಂದು ಗುರುತಿಗೆ ಕಾರ್ಖಾನೆಯಲ್ಲಿ ಯಾರೋ, ಬಹುಶಃ ಮನೆಗೆ ಹೋಗುವ ಅವಸರದಲ್ಲಿ, ಬ್ರಶ್ ಅದ್ದಿ ಮೆತ್ತಿದ್ದ ಬೊಟ್ಟು. ಸುದ್ದಿ ಸಂಘದಲ್ಲಿ ಹಬ್ಬಿತು. ಸದಸ್ಯರು ಸರದಿಯಲ್ಲಿ ಬಂದು, ಪ್ಯಾಂಟು ಕೊಳೆಯಾದರೂ ಲೆಕ್ಕಿಸದೆ ಮಲಗಿ, ಕನ್ನಡಿಯಲ್ಲಿ ಬೊಟ್ಟು ನೋಡಿ ಎದ್ದು ಹೋದರು.

ಇದೆಲ್ಲ ಡಾಕ್ಟರ ಅಕ್ಕನಿಗೆ ಗೊತ್ತಾಗುತ್ತಲೇ ಇತ್ತು. ಹಿಂದಿನ ಬೀದಿಯಲ್ಲಿ ಅವಳದ್ದು ಹೊಲಿಗೆ ಅಂಗಡಿ. ಕಾರಿನಲ್ಲಿ ಅರ್ಧ ಅವಳದು. ಅಪ್ಪ ಸಾಯುವಾಗ ಮಗನಿಗೂ ಮಗಳಿಗೂ ಸಮ ಎಂದು ಹೇಳಿ ಹೋಗಿದ್ದರು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ, ಉದ್ದ ಮೂತಿಯ, ಆ ಗಾಢ ನೀಲಿ ಸ್ಪೋರ್ಟ್ಸ್ ಕಾರಿನಲ್ಲೇ ಅಪ್ಪ ಅವಳಿಗೆ ಓಡಿಸಲು ಕಲಿಸಿದ್ದು. ತಮ್ಮನಿಗೂ ಕಲಿಸಲು ಹೋಗಿದ್ದರು, ತಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅಪ್ಪ ಹೋದ ಮೇಲೆ ಕಾರು ಸಂಘದ ಪ್ರದರ್ಶನಕ್ಕೆ ಸೇರಿತು. ಅಲ್ಲಿಂದೀಚೆಗೆ ಅದು ಹೋದದ್ದೆಲ್ಲ ಲಾರಿಯ ಬೆನ್ನ ಮೇಲೆ, ಹೊದಿಕೆ ಹೊದ್ದುಕೊಂಡು.

ಈಗ ಅಕ್ಕನ ಒಂದು ಕಣ್ಣಿನ ಅಂಚಿನಿಂದ ಕತ್ತಲು ಒಳಗೆ ಬರತೊಡಗಿತ್ತು. ಬೇಸಿಗೆ ಕಳೆದ ಮೇಲೆ ಕಾರು ಮುಟ್ಟಬಾರದು, ಅಲ್ಲಿಯವರೆಗೆ ಬೇಕಾದರೆ ಹಗಲು ಹೊತ್ತು, ಖಾಲಿ ರಸ್ತೆ, ಪಕ್ಕದಲ್ಲಿ ಕಣ್ಣಿರುವವರು ಯಾರಾದರೂ ಕೂತಿರಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅವಳು ಅದನ್ನು ಕೇಳಿಕೊಂಡು ನೇರ ತಮ್ಮನ ಹತ್ತಿರ ಬಂದಿದ್ದಳು. ಒಂದು ಸಲ, ಊರಾಚೆಯ ಏರು ರಸ್ತೆಯಲ್ಲಿ, ಅಪ್ಪನ ಕಾರು. ಆಮೇಲೆ ನೀವು ಸಂಘದವರು ಅದನ್ನು ಉಪ್ಪಿನಕಾಯಿ ಹಾಕಿಕೊಳ್ಳಿ ಎಂದಿದ್ದಳು. ತಮ್ಮ ಆಯಿತೆಂದ, ಕೊಳವೆ ಬಿಚ್ಚಿದ ಮರುದಿನವೇ ಎಂದ. ಅಕ್ಕನಿಗೆ ಚಿಕ್ಕಂದಿನಿಂದ ಎಲ್ಲವನ್ನೂ ದೊಡ್ಡದು ಮಾಡಿ ಹೇಳುವ ಅಭ್ಯಾಸ, ಸೂಜಿಗೆ ದಾರ ಪೋಣಿಸುವವಳಿಗೆ ಕಣ್ಣಿಗೇನಾಗಿದೆ ಎಂದು ಒಳಗೊಳಗೇ ಅಂದುಕೊಂಡ. ದಾರವನ್ನು ಈಗ ಅಂಗಡಿಯ ಕೆಲಸದ ಹೆಂಗಸು ಪೋಣಿಸುತ್ತಿದ್ದಳು.

ಬೇಸಿಗೆ ಜಾರುತ್ತಿತ್ತು. ಅಕ್ಕ ಸಂಜೆ ಸಂಜೆ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು ನಟ್ಟಿನ ಆರೋಗ್ಯ ವಿಚಾರಿಸಿ ಹೋಗುತ್ತಿದ್ದಳು. ನಟ್ಟಿಗೆ ಎಣ್ಣೆ ನೆನೆಸುವುದು, ಬಿಸಿ ಬಟ್ಟೆ ಸುತ್ತುವುದು, ಮತ್ತೆ ಎಣ್ಣೆ, ಹೀಗೆ ಬಾಣಂತಿಗೆ ಮಾಡುವಷ್ಟು ಉಪಚಾರ ನಡೆಯಿತು. ಒಂದು ದಿನ ಅವಳು ಮೆಕ್ಯಾನಿಕ್ಕಿಗೆ ಹೇಳಿದಳು: "ಊರೋರ ಬಾಯಲ್ಲಿ ಅಸಲಿ ಹಲ್ಲು ಒಂದೂ ಉಳಿಸಿಲ್ಲ ಇವನು. ಇಲ್ಲಿ ಒಂದು ನಟ್ಟಿಗೆ ಕಣ್ಣೀರು ಹಾಕ್ತಿದಾನೆ." ಮೆಕ್ಯಾನಿಕ್ ಆಗುತ್ತೆ ಎಂದ.

ಕೊನೆಗೆ ಒಂದು ರಜೆಯ ದಿನ ಬೆಳಿಗ್ಗೆ ಸದಸ್ಯರ ಸಮಕ್ಷಮದಲ್ಲಿ ಬಿಚ್ಚುವ ಕಾರ್ಯಕ್ರಮ ಗೊತ್ತಾಯಿತು. ಮಕಮಲ್ ಪೆಟ್ಟಿಗೆ ಬಂತು. ಕುರ್ಚಿಗಳು ಸಾಲದೆ ಕ್ಲಿನಿಕ್ಕಿನಿಂದ ತಂದರು. ಬಿಚ್ಚುವ ಕ್ರಮ ಸರಳ. ತಾಯಿಯನ್ನು ಒಂದು ಸ್ಪ್ಯಾನರಿನಿಂದ ಅಲುಗಾಡದ ಹಾಗೆ ಹಿಡಿಯಬೇಕು, ಮಗುವನ್ನು ಇನ್ನೊಂದರಿಂದ ತಿರುಗಿಸಬೇಕು. ಎರಡು ಸ್ಪ್ಯಾನರ್ ಇಲ್ಲದೆ ಈ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಮೆಕ್ಯಾನಿಕ್ ಎರಡನ್ನೂ ಒರೆಸಿ ಇಟ್ಟುಕೊಂಡಿದ್ದ.

ತಾಯಿಗೆ ಸ್ಪ್ಯಾನರ್ ಹಾಕಿದರೆ ಹಳದಿ ಬೊಟ್ಟಿನ ಗತಿ ಏನು ಎಂದು ಅಧ್ಯಕ್ಷರು ಮೆಲ್ಲಗೆ ಕೇಳಿದರು.

ಯಾರೂ ಅದನ್ನು ಯೋಚಿಸಿರಲಿಲ್ಲ. ಸ್ಪ್ಯಾನರಿನ ಬಾಯಿ ಸರಿಯಾಗಿ ಬೊಟ್ಟಿನ ಮೇಲೇ ಕೂರುತ್ತಿತ್ತು. ಬಿಸಿ ಬಿಸಿ ಚರ್ಚೆಯಾಯಿತು. ಬೊಟ್ಟಿನ ಫೋಟೋ ತೆಗೆದು, ಕೆಲಸ ಮುಗಿದ ಮೇಲೆ ಅದೇ ಥರ ಇನ್ನೊಂದು ಬೊಟ್ಟು ಇಡೋಣ ಎಂದ ಒಬ್ಬ ಹೊಸ ಸದಸ್ಯನನ್ನು ಉಳಿದವರು ನೋಡಿದ ರೀತಿಗೆ ಅವನು ಆಮೇಲೆ ಬಾಯಿ ತೆರೆಯಲಿಲ್ಲ. ಕೊನೆಗೆ ಅಧ್ಯಕ್ಷರೇ ದಾರಿ ತೋರಿಸಿದರು. ಇಬ್ಬರು ಸದಸ್ಯರು ಮೆತ್ತನೆಯ ಬಟ್ಟೆ ಸುತ್ತಿದ ಕೈಗಳಿಂದ ತಾಯಿಯನ್ನು ಹಿಡಿದುಕೊಳ್ಳುವುದು, ಸ್ಪ್ಯಾನರ್ ಮಗುವಿಗೆ ಮಾತ್ರ. ಡಾಕ್ಟರು ಮೆಕ್ಯಾನಿಕ್ಕಿನ ಮುಖ ನೋಡಿದರು. ಮೆಕ್ಯಾನಿಕ್ ಅಧ್ಯಕ್ಷರ ಮುಖ ನೋಡಿದ.

"ಆಗುತ್ತೆ," ಅಂದ.

ಅವನು ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಯ ಭಾರವೆಲ್ಲ ಹಾಕಿದ. ನಟ್ಟು ತಿರುಗಿತು. ಸದಸ್ಯರು ಚಪ್ಪಾಳೆ ತಟ್ಟಿದರು. ನಟ್ಟಿನ ಜೊತೆ ತಾಯಿಯೂ ತಿರುಗಿತ್ತು, ತಾಯಿಯ ಜೊತೆ ರೇಡಿಯೇಟರಿನ ತಗಡು ಕಿತ್ತು ಬಂದಿತ್ತು ಎಂದು ತಿಳಿದದ್ದು ಹಸಿರು ನೀರು ಬಟ್ಟೆ ಸುತ್ತಿದ ಕೈಗಳ ಮೇಲೆ ಸುರಿದಾಗ. ಬೊಟ್ಟಿಗೆ ಏನೂ ಆಗಿರಲಿಲ್ಲ.

ಸದಸ್ಯರು ಎದ್ದು ನಿಂತು ಸ್ವಲ್ಪ ಹೊತ್ತು ಮೌನ ಆಚರಿಸಿದರು. ಡಾಕ್ಟರು ನೆನೆದ ನೆಲದಲ್ಲೇ ಕೂತಿದ್ದರು. ಅಧ್ಯಕ್ಷರು ಅವರ ಹೆಗಲಿಗೆ ಕೈಯಿಟ್ಟು ಪಕ್ಕಕ್ಕೆ ಕರೆದರು. ಸಂಘದಲ್ಲಿ ಹೊಸದೊಂದು ವರ್ಗ ಮಾಡುವ ಯೋಚನೆಯಿದೆಯಂತೆ, ನಿಶ್ಚಲ ವರ್ಗ. ನೀರು, ಎಣ್ಣೆ, ಪೆಟ್ರೋಲ್ ಎಲ್ಲ ಬಸಿದು, ಚಕ್ರದ ಕೆಳಗೆ ಕಟ್ಟೆ ಕಟ್ಟಿ, ಇನ್ನೆಂದೂ ಚಾಲೂ ಮಾಡುವುದಿಲ್ಲ ಎಂದು ಮಾತು ಕೊಟ್ಟ ಕಾರುಗಳಿಗೆ. ಅಸಲಿತನ ಉಳಿಸಲು ಹೋಗಿ ಆದ ಬಿರುಕನ್ನು ಅಸಲಿ ಬಿರುಕೆಂದೇ ಎಣಿಸುತ್ತಾರಂತೆ. ಕೊಳವೆಗಳು ಇದ್ದಲ್ಲೇ ಇರಬಹುದು. ವರ್ಗಕ್ಕೆ ಒಬ್ಬ ಮುಖ್ಯಸ್ಥರು ಬೇಕು, ಅವರಿಗೆ ವೇದಿಕೆಯ ಮೇಲೆ ಕುರ್ಚಿ. ಆ ವೇದಿಕೆಯನ್ನು ಡಾಕ್ಟರು ಎಷ್ಟೋ ವರ್ಷ ಕೆಳಗಿನಿಂದ ನೋಡಿದ್ದರು. ಯೋಚನೆ ಮಾಡುತ್ತೇನೆ ಎಂದರು. ಮುಖ ಆಗಲೇ ಒಪ್ಪಿಯಾಗಿತ್ತು.

ಅಕ್ಕ ಬಂದು ನಿಂತದ್ದನ್ನು ಯಾರೂ ನೋಡಿರಲಿಲ್ಲ. ಅವಳು ಸಪಾಟು ಬೂಟು ಹಾಕಿಕೊಂಡು, ಕೂದಲು ಬಿಗಿಯಾಗಿ ಕಟ್ಟಿಕೊಂಡು ಬಂದಿದ್ದಳು. ಹೊರಡುವ ಉಡುಪು, ಒಂದು ದಿನ ಮೊದಲೇ. ನೆಲದ ನೀರು, ಜನರ ಮುಖ, ಖಾಲಿ ಮಕಮಲ್ ಪೆಟ್ಟಿಗೆ ನೋಡಿ ಅವಳು ಮೆಕ್ಯಾನಿಕ್ಕಿನ ಹತ್ತಿರ ಗರಗಸ ಕೇಳಿದಳು.

"ಅಕ್ಕಾ, ಒಂದು ನಿಮಿಷ ಕೂತ್ಕೊ, ಮಾತಾಡೋಣ," ಅಂದರು ಡಾಕ್ಟರು.

"ಮಾತಾಡೋದೇನು. ಇಲ್ಲಿ ಎರಡು ಪೈಪಿದೆ. ಒಂದು ನಿಂದು, ಒಂದು ನಂದು. ನಂದನ್ನ ನಾನು ಕತ್ತರಿಸ್ತೀನಿ. ನಿಂದನ್ನ ನೀನು ಇಟ್ಕೊಂಡು ಮುದ್ದು ಮಾಡು."

ಅಧ್ಯಕ್ಷರು ಮುಂದೆ ಬಂದು, ಅಮ್ಮಾ, ಒಂದು ಹೋದರೆ ಜೋಡಿಯೇ ಹೋದ ಹಾಗಲ್ಲವೇ ಎಂದು ತಿಳಿಹೇಳಲು ನೋಡಿದರು.

"ನಿಮ್ಮ ಅಂಗಡಿ ಹೂವಿಗೆ ನೀರು ಹಾಕೋ ಹೊತ್ತಾಯ್ತು," ಅಂದಳು ಅಕ್ಕ. "ಹೊರಡಿ."

ಅವಳು ಚಕ್ರದ ಹಲಗೆಯ ಮೇಲೆ ಮಲಗಿ ಕಾರಿನ ಕೆಳಗೆ ಸರಿದಳು. ಹೊಲಿಗೆಯವಳ ಕೈ, ಕತ್ತರಿಸುವ ಮೊದಲು ಒಮ್ಮೆ ಸವರಿ ನೋಡುತ್ತದೆ. ಸವರಿದಳು, ಗರಗಸದ ಅಲಗನ್ನು ಇಟ್ಟಳು. ಡಾಕ್ಟರು ತಡೆಯಬೇಕೆಂದೇ ಬಗ್ಗಿ ಒಳಗೆ ತೂರಿದವರು. ಹಣೆಯ ದೀಪದ ಬೆಳಕು ಅವಳ ಕೈಮೇಲೆ ಬಿತ್ತು. ಅಲಗು ಕೊಳವೆಯ ಮೇಲಿರಲಿಲ್ಲ. ಒಂದು ಗೇಣು ಆಚೆ, ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ಸಲಾಕೆಯ ಮೇಲಿತ್ತು. ಅದರ ಪಕ್ಕದಲ್ಲೇ ಅವಳ ಇನ್ನೊಂದು ಕೈಯ ಹೆಬ್ಬೆರಳು. ಅಕ್ಕ ಅಲಗನ್ನೇ ದಿಟ್ಟಿಸಿ ನೋಡುತ್ತಿದ್ದಳು.

"ಅದಲ್ಲ," ಅಂದ ತಮ್ಮ.

"ಗೊತ್ತು," ಅಂದಳು.

ಅವಳಿಗೆ ಗೊತ್ತಿರಲಿಲ್ಲ. ಅವನು ತಲೆ ಹೊರಳಿಸಿದ. ಹೊರಗೆ ಸಾಲಾಗಿ ನಿಂತ ಬೂಟುಗಳು ಕಾಣುತ್ತಿದ್ದವು, ಒಂದಕ್ಕಿಂತ ಒಂದು ಹೊಳೆಯುವಂಥವು. ಗರಗಸವನ್ನು ಈಗ ಕಸಿದುಕೊಳ್ಳಬಹುದಿತ್ತು, ಅದಕ್ಕೆ ಒಳ್ಳೆಯ ಕಾರಣವೂ ಸಿಕ್ಕಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಅಕ್ಕನ ಹೆಬ್ಬೆರಳನ್ನು ಸರಿಸಿದ. ಆಮೇಲೆ ಅವಳ ಮುಷ್ಟಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ಅಲಗನ್ನು ಎತ್ತಿ, ಕೊಳವೆಯ ಮೇಲೆ ತಂದಿಟ್ಟ.

"ಇಲ್ಲಿ," ಅಂದ. "ಈಗ ಎಳಿ."

ಉಕ್ಕು ಸುಮ್ಮನೆ ತುಕ್ಕಿನ ಬಲದ ಮೇಲೆ ನಿಂತಿತ್ತು, ಅಷ್ಟು ಬೇಗ ತುಂಡಾಯಿತು. ಹೊರಗೆ ಯಾರೋ ನರಳಿದರು. ತಮ್ಮ ಅವಳ ಕೈಯನ್ನು ಬಿಡದೆ ಎರಡನೆಯ ಕೊಳವೆಯ ಮೇಲಿಟ್ಟ. ಇದು ನಿಂದಲ್ವಾ ಎಂದು ಅಕ್ಕ ಕೇಳಿದಳು. ಮಾತಾಡ್ಬೇಡ, ತುಕ್ಕು ಬಾಯಿಗೆ ಬೀಳುತ್ತೆ ಎಂದ ಅವನು, ರೋಗಿಗಳಿಗೆ ಹೇಳುವ ದನಿಯಲ್ಲಿ.

ಆಮೇಲಿನದ್ದು ಸಾಮಾನ್ಯ ಗ್ಯಾರೇಜ್ ಕೆಲಸ. ಸಾಕೆಟ್ ಕೂರಿಸಿ, ತಾಯಿಯನ್ನು ಎರಡನೆಯ ಸ್ಪ್ಯಾನರಿನಿಂದ ಹಿಡಿದಾಗ ನಟ್ಟುಗಳು ನಾಚಿಕೊಂಡ ಹಾಗೆ ಬಂದವು. ರೇಡಿಯೇಟರಿಗೆ ಬೆಸುಗೆಯಾಯಿತು, ಹೊಸ ಕೊಳವೆಗಳು ಬಂದವು. ಮೆಕ್ಯಾನಿಕ್ ಕಂಡಕಂಡವರಿಗೆ, ನಾನು ಮೊದಲ ದಿನವೇ ಕತ್ತರಿಸಿ ಅಂದಿದ್ದೆ ಎಂದು ಹೇಳಿಕೊಂಡು ಓಡಾಡಿದ. ಅಧ್ಯಕ್ಷರು ಕತ್ತರಿಸಿದ ತುಂಡುಗಳನ್ನು ಕೇಳಿ ಪಡೆದರು. ಆ ವರ್ಷದ ಪ್ರದರ್ಶನದಲ್ಲಿ ಅವು ಮಕಮಲ್ಲಿನ ಮೇಲೆ ಮಲಗಿದ್ದವು, ಅವುಗಳಿಗೆ ಅಂಕವೂ ಬಂತೆಂದು ಸುದ್ದಿ. ನಿಶ್ಚಲ ವರ್ಗದ ಕುರ್ಚಿಯಲ್ಲಿ ಧೂಳಿನ ಮೇಲೆ ಗಾಜು ಹಾಕಿಸಿದವರು ಕೂತರು.

ಹೊರಟದ್ದು ಬೇಸಿಗೆಯ ಕೊನೆಗೆ, ಬಿಸಿಲು ಇನ್ನೂ ಗಟ್ಟಿಯಿದ್ದ ಒಂದು ಮಧ್ಯಾಹ್ನ. ತಮ್ಮ ಅವಳಿಗೆ ಕಾಣದ ಬದಿಯಲ್ಲಿ ಕೂತ. ಅಕ್ಕ ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿ, ಗೇರು ಹಾಕಿದಳು. ಕಾರು ಒಮ್ಮೆ ನಡುಗಿ, ಎಷ್ಟೋ ವರ್ಷದ ಮೇಲೆ, ತನ್ನ ಕಾಲ ಮೇಲೆ ತಾನು ಶೆಡ್ಡಿನಿಂದ ಹೊರಬಂತು. ಕ್ಲಿನಿಕ್ಕಿನ ಗೇಟು ದಾಟುವಾಗ ತಮ್ಮನ ಬದಿಯ ಬಾಗಿಲಿನ ಉದ್ದಕ್ಕೂ ಕಬ್ಬಿಣ ಕರಕರ ಉಜ್ಜಿದ ಸದ್ದಾಯಿತು. ಅವನ ಮೊಣಕೈಗೆ ಅದರ ಕಂಪನ ತಾಗಿತು. ಕಿಟಕಿಯಿಂದ ಬಗ್ಗಿದರೆ ನೀಲಿ ಎಲ್ಲಿಯವರೆಗೆ ಕಿತ್ತಿದೆ ಎಂದು ಕಾಣುತ್ತಿತ್ತು. ಅವನು ಬಗ್ಗಲಿಲ್ಲ.

"ಏನದು ಸದ್ದು?" ಅಂದಳು ಅಕ್ಕ.

"ಗೇಟು."

"ಏನಾದ್ರೂ ಆಯ್ತಾ?"

"ಗೇಟಿಗೇನೂ ಆಗಿಲ್ಲ," ಅಂದ ಅವನು. "ನನ್ನ ಕಡೆ ಖಾಲಿ ಇದೆ. ತಿರುಗಿಸು."

ಅವಳು ತಿರುಗಿಸಿದಳು.